ಮೆಕ್‌ಡವೆಲ್ ಕೌಂಟಿ: ಕಲ್ಲಿದ್ದಲು ಕರೆತಂದ ಜನ, ಕಲ್ಲಿದ್ದಲು ಹೊರಡಿಸಿದ ಜನ

ಆತ್ಮೀಯರೇ,

ಮೊದಲು ಎರಡು ಸಂಖ್ಯೆಗಳನ್ನು ಹೇಳುತ್ತೇನೆ. 1900ರ ಜನಗಣತಿಯ ಪ್ರಕಾರ ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಮೆಕ್‌ಡವೆಲ್ ಕೌಂಟಿಯಲ್ಲಿ, ಅಂದರೆ ನಮ್ಮ ಜಿಲ್ಲೆಯಂಥ ಒಂದು ಆಡಳಿತ ಘಟಕದಲ್ಲಿ, ಇದ್ದವರು 18,747 ಮಂದಿ. 2020ರ ಜನಗಣತಿಯಲ್ಲಿ 19,111 ಮಂದಿ. ಇವೆರಡನ್ನೇ ನೋಡಿದವರು ಈ ನೂರಿಪ್ಪತ್ತು ವರ್ಷಗಳಲ್ಲಿ ಅಲ್ಲಿ ಏನೂ ನಡೆದಿಲ್ಲ ಎಂದುಕೊಂಡಾರು. ಆದರೆ 1950ರಲ್ಲಿ ಅದೇ ಕಣಿವೆಗಳಲ್ಲಿ 98,887 ಜನ ಬದುಕುತ್ತಿದ್ದರು. ಅಷ್ಟು ಜನ ಬಂದದ್ದೇಕೆ, ಹೋದದ್ದೇಕೆ ಎಂಬುದೇ ಇವತ್ತಿನ ನನ್ನ ವಿಷಯ.

ಗ್ರಾಮೀಣ ಅಮೆರಿಕ ಎಂದೊಡನೆ ದಿಗಂತದವರೆಗೂ ಹಬ್ಬಿದ ಮುಸುಕಿನ ಜೋಳದ ಹೊಲಗಳು ನಮಗೆ ನೆನಪಾಗುತ್ತವೆ. ಮೆಕ್‌ಡವೆಲ್‌ನಲ್ಲಿ ದಿಗಂತವೇ ಕಾಣುವುದಿಲ್ಲ. ರಾಜ್ಯದ ದಕ್ಷಿಣದ ತುದಿಯಲ್ಲಿರುವ ಈ ಕೌಂಟಿಯ ವಿಸ್ತೀರ್ಣ ಸುಮಾರು 1,386 ಚದರ ಕಿಲೋಮೀಟರ್. ಇದು ಅಪಲಾಚಿಯನ್ ಪ್ರಸ್ಥಭೂಮಿಯ ಭಾಗ. ತೊರೆಗಳು ಕೋಟ್ಯಂತರ ವರ್ಷ ಕೊರೆದ ಕಾರಣ ಇಲ್ಲೀಗ ಉಳಿದಿರುವುದು ಕಡಿದಾದ ಗುಡ್ಡಗಳು ಮತ್ತು ಅವುಗಳ ನಡುವಿನ ಕಿರಿದಾದ ಕಣಿವೆಗಳು ಮಾತ್ರ. ಟಗ್ ಫೋರ್ಕ್ ಎಂಬ ನದಿ ಈ ಕೌಂಟಿಯಲ್ಲೇ ಹುಟ್ಟುತ್ತದೆ. ಪೂರ್ವದಿಂದ ಬರುವ ಎಲ್ಕ್‌ಹಾರ್ನ್ ತೊರೆ ವೆಲ್ಚ್ ಪಟ್ಟಣದಲ್ಲಿ ಅದನ್ನು ಸೇರುತ್ತದೆ. ನೀರು ಅಲ್ಲಿಂದ ಬಿಗ್ ಸ್ಯಾಂಡಿಗೆ, ಮುಂದೆ ಓಹಾಯೋ ನದಿಗೆ ಹೋಗುತ್ತದೆ. ಸಮತಟ್ಟಾದ ನೆಲವೆಂದರೆ ತೊರೆಯ ದಡದ ಪಟ್ಟಿಯೊಂದೇ. ಹೊಳೆ, ರೈಲು ಹಳಿ, ರಸ್ತೆ, ಮನೆಗಳ ಸಾಲು ಎಲ್ಲವೂ ಅಷ್ಟರೊಳಗೇ ಹೊಂದಿಕೊಳ್ಳಬೇಕು. ಮಳೆ ಜೋರಾದರೆ ಮೊದಲು ಮುಳುಗುವುದೂ ಅದೇ ಪಟ್ಟಿ. 2001, 2002 ಮತ್ತು 2025ರ ಪ್ರವಾಹಗಳ ಕಥೆ ಈ ನೆಲದ ಇಳಿಜಾರಿನಲ್ಲೇ ಇದೆ.

ರಾಜ್ಯದ ಕೆಳಗಿನ ಆಡಳಿತ ಘಟಕವೇ ಕೌಂಟಿ. ವೆಸ್ಟ್ ವರ್ಜೀನಿಯಾದಲ್ಲಿ ಅಂಥವು 55. ನ್ಯಾಯಾಲಯ, ಶೆರಿಫ್, ಭೂದಾಖಲೆ, ಶಾಲೆ, ಆಸ್ತಿ ತೆರಿಗೆ ಎಲ್ಲವೂ ಕೌಂಟಿಯ ಮಟ್ಟದಲ್ಲೇ ನಡೆಯುತ್ತವೆ. ಮೆಕ್‌ಡವೆಲ್ ಕೌಂಟಿ ರಚನೆಯಾದದ್ದು 1858ರಲ್ಲಿ. ಆಗ ಅದು ವರ್ಜೀನಿಯಾದ ಭಾಗವಾಗಿತ್ತು. ಹೆಸರು ಬಂದದ್ದು ಅಲ್ಲಿನ ಗವರ್ನರ್ ಆಗಿದ್ದ ಜೇಮ್ಸ್ ಮೆಕ್‌ಡವೆಲ್‌ನಿಂದ. ಅಂತರ್ಯುದ್ಧದ ನಡುವೆ, 1863ರಲ್ಲಿ, ವೆಸ್ಟ್ ವರ್ಜೀನಿಯಾ ಬೇರೆ ರಾಜ್ಯವಾಯಿತು. 1860ರಲ್ಲಿ ಇಡೀ ಕೌಂಟಿಯ ಜನಸಂಖ್ಯೆ 1,535. ಕಾಡು ಕಡಿದು ಒಂದಿಷ್ಟು ಮುಸುಕಿನ ಜೋಳ ಬೆಳೆದು, ಹಂದಿ ಸಾಕಿ, ಬೇಟೆಯಾಡಿ ಬದುಕುತ್ತಿದ್ದ ಕುಟುಂಬಗಳವು.

ಆ ಗುಡ್ಡಗಳ ಹೊಟ್ಟೆಯಲ್ಲಿ ಪೋಕಹಾಂಟಸ್ ಎಂದು ಹೆಸರಾದ ಕಲ್ಲಿದ್ದಲಿನ ಪದರಗಳಿದ್ದವು. ಗಂಧಕ ಕಡಿಮೆ, ಬೂದಿ ಕಡಿಮೆ, ಹೊಗೆ ಕಡಿಮೆ, ಶಾಖ ಹೆಚ್ಚು. ಉಕ್ಕಿನ ಕುಲುಮೆಗೆ ಬೇಕಾದ ಕೋಕ್, ಅಂದರೆ ಕಲ್ಲಿದ್ದಲನ್ನು ಗಾಳಿ ಸೋಕದಂತೆ ಕಾಯಿಸಿ ಪಡೆಯುವ ಇಂಧನ, ತಯಾರಿಸಲು ಇದಕ್ಕಿಂತ ಒಳ್ಳೆಯ ಕಲ್ಲಿದ್ದಲು ಸಿಗುವುದು ಕಷ್ಟ. ಅಮೆರಿಕದ ನೌಕಾಪಡೆಯ ಹಡಗುಗಳೂ ಇದನ್ನೇ ಬಯಸುತ್ತಿದ್ದವು. ಆದರೆ ಅದನ್ನು ಹೊರಗೆ ಸಾಗಿಸುವ ದಾರಿ ಇರಲಿಲ್ಲ. ಆ ದಾರಿ ಮಾಡಿಕೊಟ್ಟದ್ದು ನಾರ್ಫೋಕ್ ಅಂಡ್ ವೆಸ್ಟರ್ನ್ ರೈಲ್ವೆ. 1880ರ ದಶಕದ ಕೊನೆಯಲ್ಲಿ ಬೆಟ್ಟ ಕೊರೆದು ಎಲ್ಕ್‌ಹಾರ್ನ್ ಕಣಿವೆಗೆ ಇಳಿದ ಹಳಿ 1892ರ ಹೊತ್ತಿಗೆ ಓಹಾಯೋ ನದಿಯವರೆಗೆ ಮುಟ್ಟಿತು. ಅದೇ ವರ್ಷ ಕೌಂಟಿಯ ಕೇಂದ್ರವನ್ನು ಹಳಿಯ ಪಕ್ಕದ ವೆಲ್ಚ್‌ಗೆ ಬದಲಾಯಿಸಲು ಜನ ಮತ ಹಾಕಿದರು.

ರೈಲು ಬರುವ ಮೊದಲೇ ಭೂಮಿ ಕೈ ಬದಲಾಗಿತ್ತು. ಹೊರಗಿನ ಬಂಡವಾಳಗಾರರು ಎಕರೆಗಳನ್ನು ಸಾವಿರಗಳ ಲೆಕ್ಕದಲ್ಲಿ ಕೊಂಡರು. ಎಷ್ಟೋ ಕಡೆ ಮೇಲಿನ ನೆಲವನ್ನು ರೈತನಿಗೇ ಬಿಟ್ಟು ಅಡಿಯ ಖನಿಜದ ಹಕ್ಕನ್ನು ಮಾತ್ರ ಬರೆಸಿಕೊಂಡರು. ಮುಂದೆ ರೈಲ್ವೆಯೇ ತನ್ನ ಅಂಗಸಂಸ್ಥೆಯ ಮೂಲಕ ಅಪಾರ ಕಲ್ಲಿದ್ದಲು ಭೂಮಿಯ ಒಡೆತನ ಪಡೆದು ಅದನ್ನು ಗಣಿ ಕಂಪನಿಗಳಿಗೆ ಗುತ್ತಿಗೆ ಕೊಟ್ಟಿತು. ನನ್ನ ಅಭಿಪ್ರಾಯದಲ್ಲಿ ಈ ಕೌಂಟಿಯ ಮುಂದಿನ ಗತಿಯೆಲ್ಲ ನಿರ್ಧಾರವಾದದ್ದು ಆ ಕ್ರಯಪತ್ರಗಳಲ್ಲಿ. ನೆಲದಿಂದ ಎದ್ದ ಸಂಪತ್ತಿನ ಒಡೆಯರು ಆ ನೆಲದಲ್ಲಿ ವಾಸಿಸುತ್ತಿರಲಿಲ್ಲ.

ಕಲ್ಲಿದ್ದಲು ತೆಗೆಯಲು ಕೈಗಳು ಬೇಕಿದ್ದವು. 1890ರಲ್ಲಿ 7,300 ಇದ್ದ ಜನಸಂಖ್ಯೆ 1910ರಲ್ಲಿ 47,856, 1920ರಲ್ಲಿ 68,571, 1930ರಲ್ಲಿ 90,479. ಹಂಗರಿ, ಇಟಲಿ, ಪೋಲೆಂಡ್‌ಗಳಿಂದ ಹಡಗು ಹತ್ತಿದವರು ಬಂದರು. ವರ್ಜೀನಿಯಾ, ಉತ್ತರ ಕ್ಯಾರೊಲೈನಾ, ಅಲಬಾಮಾಗಳಿಂದ ಆಫ್ರಿಕನ್ ಅಮೆರಿಕನ್ನರು ಬಂದರು. 1910ರಲ್ಲಿ ಕೌಂಟಿಯ ಹತ್ತು ಜನರಲ್ಲಿ ಮೂವರು ಅವರೇ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಅಪಲಾಚಿಯಾ ಎಂಬ ಈ ಬೆಟ್ಟಸೀಮೆ ಎಂದರೆ ಬಿಳಿಯ ಬಡವರ ನಾಡು ಎಂಬ ತಪ್ಪು ತಿಳಿವಳಿಕೆ ಇಂದಿಗೂ ಬಲವಾಗಿದೆ. ದಕ್ಷಿಣದ ರಾಜ್ಯಗಳು ಆಫ್ರಿಕನ್ ಅಮೆರಿಕನ್ನರ ಮತದ ಹಕ್ಕನ್ನು ಕಿತ್ತುಕೊಳ್ಳುತ್ತಿದ್ದ ಕಾಲದಲ್ಲಿ ಇಲ್ಲಿ ಅವರು ಮತ ಹಾಕುತ್ತಿದ್ದರು. ಶಾಲೆಗಳು ಬೇರೆ ಬೇರೆಯಾಗಿದ್ದವು, ತಾರತಮ್ಯವಿತ್ತು. ಆದರೂ ಕೀಸ್ಟೋನ್‌ನಲ್ಲಿ ಅವರದೇ ಪತ್ರಿಕೆ 'ಮೆಕ್‌ಡವೆಲ್ ಟೈಮ್ಸ್' ನಡೆಯುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಹೋರಾಡಿದ ಆಫ್ರಿಕನ್ ಅಮೆರಿಕನ್ ಯೋಧರಿಗಾಗಿ ಕಿಂಬಲ್‌ನಲ್ಲಿ 1928ರಲ್ಲಿ ಸ್ಮಾರಕ ಭವನ ಎದ್ದಿತು. ಅದೇ ವರ್ಷ ಈ ಕೌಂಟಿಯ ಮಿನ್ನಿ ಬಕಿಂಗ್‌ಹ್ಯಾಮ್ ಹಾರ್ಪರ್, ಪತಿಯ ಮರಣದಿಂದ ತೆರವಾದ ಸ್ಥಾನಕ್ಕೆ ನೇಮಕಗೊಂಡು, ಅಮೆರಿಕದ ಶಾಸನಸಭೆಯೊಂದರಲ್ಲಿ ಕುಳಿತ ಮೊದಲ ಆಫ್ರಿಕನ್ ಅಮೆರಿಕನ್ ಮಹಿಳೆಯಾದರು.

ಬಂದವರು ನೆಲೆಸಿದ್ದು ಕಂಪನಿ ಕಟ್ಟಿದ ವಸತಿಗಳಲ್ಲಿ. ಉಕ್ಕಿನ ದೈತ್ಯ ಯು.ಎಸ್. ಸ್ಟೀಲ್ ತನ್ನ ಮುಖ್ಯಸ್ಥ ಎಲ್ಬರ್ಟ್ ಗ್ಯಾರಿಯ ಹೆಸರಿನಲ್ಲಿ ಗ್ಯಾರಿ ಎಂಬ ಊರನ್ನೇ ಕಟ್ಟಿತು. ಮನೆ ಕಂಪನಿಯದು, ಅಂಗಡಿ ಕಂಪನಿಯದು, ವೈದ್ಯ ಕಂಪನಿಯವನು. ಅನೇಕ ಕಡೆ ಕೂಲಿಯ ಒಂದು ಭಾಗ ಕಂಪನಿಯ ಅಂಗಡಿಯಲ್ಲಷ್ಟೇ ನಡೆಯುವ ಬಿಲ್ಲೆಗಳಲ್ಲಿ ಬರುತ್ತಿತ್ತು. ಮುಷ್ಕರ ಹೂಡಿದರೆ ಕೆಲಸದ ಜೊತೆಗೆ ಸೂರೂ ಹೋಗುತ್ತಿತ್ತು. ಕಾರ್ಮಿಕ ಸಂಘವನ್ನು ತಡೆಯಲು ಕಂಪನಿಗಳು ಬಾಲ್ಡ್‌ವಿನ್-ಫೆಲ್ಟ್ಸ್ ಎಂಬ ಖಾಸಗಿ ಪತ್ತೇದಾರಿ ಸಂಸ್ಥೆಯ ಬಂದೂಕುಧಾರಿಗಳನ್ನು ಇಟ್ಟುಕೊಂಡಿದ್ದವು. 1921ರ ಆಗಸ್ಟ್ 1ರಂದು, ಕಾರ್ಮಿಕರ ಪರ ನಿಂತಿದ್ದ ಮೇಟ್‌ವಾನ್ ಪಟ್ಟಣದ ಪೊಲೀಸ್ ಮುಖ್ಯಸ್ಥ ಸಿಡ್ ಹ್ಯಾಟ್‌ಫೀಲ್ಡ್ ಮತ್ತು ಆತನ ಗೆಳೆಯ ಎಡ್ ಚೇಂಬರ್ಸ್ ವಿಚಾರಣೆಗೆಂದು ವೆಲ್ಚ್ ನ್ಯಾಯಾಲಯದ ಮೆಟ್ಟಿಲು ಹತ್ತುತ್ತಿದ್ದಾಗ ಆ ಸಂಸ್ಥೆಯವರು ಇಬ್ಬರನ್ನೂ ಗುಂಡಿಟ್ಟು ಕೊಂದರು. ಇಬ್ಬರ ಹೆಂಡತಿಯರೂ ಜೊತೆಯಲ್ಲಿದ್ದರು. ಆ ಆಕ್ರೋಶದಿಂದ, ತಿಂಗಳೊಳಗೆ, ಸುಮಾರು ಹತ್ತು ಸಾವಿರ ಗಣಿ ಕಾರ್ಮಿಕರು ಆಯುಧ ಹಿಡಿದು ಲೋಗನ್ ಕೌಂಟಿಯ ಬ್ಲೇರ್ ಬೆಟ್ಟದವರೆಗೆ ನಡೆದರು. ನ್ಯಾಯಾಲಯದ ಆ ಮೆಟ್ಟಿಲುಗಳು ಇಂದಿಗೂ ಇವೆ.

ನೆಲದಡಿಯಲ್ಲೂ ಸಾವು ಕಾದಿತ್ತು. 1940ರ ಜನವರಿ 10ರಂದು ಬಾರ್ಟ್ಲಿ ಗಣಿಯ ಸ್ಫೋಟ 91 ಜನರನ್ನು ಬಲಿ ತೆಗೆದುಕೊಂಡಿತು. ಕಲ್ಲಿದ್ದಲಿನ ದೂಳು ತಿಂದ ಶ್ವಾಸಕೋಶಗಳ ಲೆಕ್ಕ ಬೇರೆಯೇ.

ಇನ್ನು ಇಳಿಗಾಲ. 1950ರಿಂದಾಚೆಗೆ ಬಂಡೆಯಿಂದ ಕಲ್ಲಿದ್ದಲನ್ನು ಎಡೆಬಿಡದೆ ಕೆತ್ತಿ ತುಂಬುವ ಯಂತ್ರಗಳು ಗಣಿಗೆ ಇಳಿದವು. ಹತ್ತಾರು ಜನರ ಕೆಲಸವನ್ನು ಕೆಲವೇ ಜನ ಮಾಡುವಂತಾಯಿತು. ಮನೆಗಳು ಎಣ್ಣೆ ಮತ್ತು ಅನಿಲಕ್ಕೆ ತಿರುಗಿದವು. ಈ ಕಲ್ಲಿದ್ದಲಿನಿಂದಲೇ ಬೆಳೆದ ನಾರ್ಫೋಕ್ ಅಂಡ್ ವೆಸ್ಟರ್ನ್ ಕೂಡ 1960ರಲ್ಲಿ ತನ್ನ ಕೊನೆಯ ಉಗಿಬಂಡಿಗಳನ್ನು ನಿಲ್ಲಿಸಿ ಡೀಸೆಲ್‌ಗೆ ಹೋಯಿತು. ಕೌಂಟಿಯ ಜನಸಂಖ್ಯೆ 1960ರಲ್ಲಿ 71,359, 1970ರಲ್ಲಿ 50,666. ಇಪ್ಪತ್ತೇ ವರ್ಷಗಳಲ್ಲಿ ಅರ್ಧದಷ್ಟು ಜನ ಕಡಿಮೆಯಾದರು. ಹಲವರು ಡೆಟ್ರಾಯಿಟ್, ಕ್ಲೀವ್‌ಲ್ಯಾಂಡ್‌ಗಳ ಕಾರ್ಖಾನೆಗಳತ್ತ ಹೊರಟರು.

ಉಳಿದವರ ಬಡತನವನ್ನು 1960ರ ಚುನಾವಣಾ ಪ್ರಚಾರಕ್ಕೆ ಬಂದ ಜಾನ್ ಕೆನಡಿ ಕಣ್ಣಾರೆ ಕಂಡರು. ಅಧ್ಯಕ್ಷರಾದ ಮೇಲೆ ಅವರು ಆರಂಭಿಸಿದ ಪ್ರಾಯೋಗಿಕ ಆಹಾರ ಕೂಪನ್ ಯೋಜನೆಯ ಮೊದಲ ಕೂಪನ್‌ಗಳು ವಿತರಣೆಯಾದದ್ದು ಇಲ್ಲೇ, ವೆಲ್ಚ್‌ನಲ್ಲಿ, 1961ರ ಮೇ 29ರಂದು. ಪಡೆದದ್ದು ಕೆಲಸ ಕಳೆದುಕೊಂಡ ಗಣಿ ಕಾರ್ಮಿಕನ, ಹದಿನೈದು ಜನರ ಕುಟುಂಬ. ಇಂದು ಅಮೆರಿಕದಾದ್ಯಂತ ಕೋಟಿಗಟ್ಟಲೆ ಜನರ ಊಟಕ್ಕೆ ಆಧಾರವಾದ ವ್ಯವಸ್ಥೆ ಆ ದಿನದಿಂದ ಬೆಳೆದದ್ದು.

1970ರ ದಶಕದಲ್ಲಿ ಕಲ್ಲಿದ್ದಲಿನ ಬೆಲೆ ಏರಿ ಜನಸಂಖ್ಯೆಯ ಇಳಿಕೆ ಬಹುತೇಕ ನಿಂತಿತು, 1980ರಲ್ಲಿ 49,899. 1980ರ ದಶಕದಲ್ಲಿ ಯು.ಎಸ್. ಸ್ಟೀಲ್ ಗ್ಯಾರಿಯಿಂದ ಕಾಲ್ತೆಗೆಯಿತು. 1990ರ ಗಣತಿ ಹೇಳಿದ್ದು 35,233. ನಂತರ ನೋವು ನಿವಾರಕ ಮಾತ್ರೆಗಳ ಪಿಡುಗು ಬಂತು. ಗಣಿಯಲ್ಲಿ ಬೆನ್ನು ಮುರಿದುಕೊಂಡವರಿಗೆ ಬರೆದುಕೊಟ್ಟ, ಚಟ ಹಿಡಿಸುವ ಓಪಿಯಾಯ್ಡ್ ಮಾತ್ರೆಗಳು ಕುಟುಂಬಗಳನ್ನೇ ನುಂಗಿದವು. ಪುರುಷರ ಸರಾಸರಿ ಆಯುಷ್ಯ ದೇಶದಲ್ಲೇ ಅತಿ ಕಡಿಮೆ ಇರುವ ಕೌಂಟಿಗಳ ಪಟ್ಟಿಯಲ್ಲಿ ಮೆಕ್‌ಡವೆಲ್ ಸೇರಿತು. 2016ರಲ್ಲಿ ಕಿಂಬಲ್‌ನ ವಾಲ್‌ಮಾರ್ಟ್ ಮುಚ್ಚಿತು. ದಿನಸಿಗೆ ಬೆಟ್ಟ ದಾಟಿ ಹೋಗುವ ಪಾಡು ಅನೇಕರದಾಯಿತು.

"ಅಷ್ಟು ಕಷ್ಟವಿದ್ದರೆ ಊರು ಬಿಡಬಾರದೇ?" ಎಂದು ಕೇಳುವವರಿದ್ದಾರೆ. ಈ ಪ್ರಶ್ನೆ ನನಗೆ ಸಿಟ್ಟು ತರಿಸುತ್ತದೆ. 1950ರ ಸಂಖ್ಯೆಯ ಐದರಲ್ಲಿ ನಾಲ್ಕು ಪಾಲು ಈಗ ಅಲ್ಲಿಲ್ಲ. ಬಿಡಬಲ್ಲವರು ಬಿಟ್ಟರು. ಉಳಿದವರಲ್ಲಿ ಪಿಂಚಣಿಯ ಮೇಲೆ ಬದುಕುವ ವೃದ್ಧರಿದ್ದಾರೆ, ಮೊಮ್ಮಕ್ಕಳನ್ನು ಸಾಕುತ್ತಿರುವ ಅಜ್ಜಿಯರಿದ್ದಾರೆ, ಮಾರಿದರೆ ಏನೂ ಹುಟ್ಟದ ಮನೆಯ ಮಾಲೀಕರಿದ್ದಾರೆ, ಮತ್ತು ಹುಟ್ಟಿದ ಕಣಿವೆಯನ್ನು ಪ್ರೀತಿಸಿಯೇ ಉಳಿದವರೂ ಇದ್ದಾರೆ. 1900ರ 18,747 ಜನರಲ್ಲಿ ದುಡಿಮೆಗೆ ಬಂದ ತರುಣರ ಪಾಲು ದೊಡ್ಡದು. 2020ರ 19,111 ಜನರ ವಯಸ್ಸಿನ ಚಿತ್ರ ಅದರ ತದ್ವಿರುದ್ಧ.

ಈಗಲೂ ಅಲ್ಲಿಂದ ಉಕ್ಕಿನ ಕಾರ್ಖಾನೆಗಳಿಗೆ ಕಲ್ಲಿದ್ದಲು ಹೋಗುತ್ತದೆ, ಕೆಲವೇ ಜನರ ದುಡಿಮೆಯಲ್ಲಿ. ಗುಡ್ಡಗಾಡಿನ ವಾಹನ ಓಡಿಸುವ ಪ್ರವಾಸಿಗರು ಹ್ಯಾಟ್‌ಫೀಲ್ಡ್-ಮೆಕಾಯ್ ಜಾಡುಗಳಿಗಾಗಿ ಬರುತ್ತಾರೆ. ಶಿಕ್ಷಕರು ಬಂದು ನೆಲೆಸಲಿ ಎಂದು ವೆಲ್ಚ್‌ನಲ್ಲಿ ಅವರಿಗಾಗಿಯೇ ವಸತಿ ಕಟ್ಟಡ ಎದ್ದಿದೆ. ಕಂಪನಿಗಳು ಬಿಟ್ಟುಹೋದ ಹಳೆಯ ನೀರಿನ ಕೊಳವೆಗಳನ್ನು ಬದಲಾಯಿಸುವ ಕೆಲಸ ಕಣಿವೆಯಿಂದ ಕಣಿವೆಗೆ ನಿಧಾನವಾಗಿ ಸಾಗುತ್ತಿದೆ. ಮನೆಗಳು ದೂರ ದೂರ, ಬಳಕೆದಾರರು ಕಡಿಮೆ. ಹಾಗಾಗಿ ಪ್ರತಿ ಮನೆಗೆ ತಗಲುವ ವೆಚ್ಚ ಹೆಚ್ಚು. ಆ ವೆಚ್ಚವನ್ನು ಯಾರು ಹೊರಬೇಕು ಎಂಬುದರ ಬಗ್ಗೆ ನಿಮ್ಮ ಅಭಿಪ್ರಾಯ ಕೇಳಲು ನಾನು ಸಿದ್ಧನಿದ್ದೇನೆ. ಪ್ರಶ್ನೆಗಳನ್ನು ಅಲ್ಲಿಂದಲೇ ಆರಂಭಿಸೋಣ.