ಲೇಯರ್ ಟೂಗೆ ದುಡ್ಡು ದಾಟಿಸುವ ಮುನ್ನ

ಕೇಳುಗರಿಗೆ ನಮಸ್ಕಾರ. ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳಲ್ಲಿ ದುಡಿಯುವವರು, ಕೆಜಿಎಫ್ ಕಡೆಯಿಂದ ಬಂಗಾರಪೇಟೆ ಮೇಲೆ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವವರು, ಇವರಲ್ಲಿ ಒಂದಿಷ್ಟು ಜನರ ಫೋನಿನಲ್ಲಿ ಈಗ ಕ್ರಿಪ್ಟೋ ವ್ಯಾಲೆಟ್, ಅಂದರೆ ಡಿಜಿಟಲ್ ನಾಣ್ಯ ಇಡುವ ಆ್ಯಪ್, ಇದೆ. ಕೊಳ್ಳಬೇಕೋ ಬೇಡವೋ ಎಂಬ ಚರ್ಚೆ ಇವತ್ತು ಬೇಡ. ಇಥೀರಿಯಂ ಜಾಲದ ನಾಣ್ಯವಾದ ಈಥರ್ ಅಥವಾ ಡಾಲರ್ ಬೆಲೆಗೆ ಕಟ್ಟಿದ ಯುಎಸ್‌ಡಿಸಿ ಟೋಕನ್ ಈಗಾಗಲೇ ಕೈಯಲ್ಲಿರುವವರು ಅದನ್ನು ಆರ್ಬಿಟ್ರಮ್, ಬೇಸ್, ಆಪ್ಟಿಮಿಸಮ್‌ನಂಥ ಲೇಯರ್ ಟೂ ನೆಟ್‌ವರ್ಕ್‌ಗೆ, ಅಂದರೆ ಇಥೀರಿಯಂ ಮೇಲೆ ಕಟ್ಟಿದ ಎರಡನೇ ಹಂತದ ಜಾಲಕ್ಕೆ, ಕಡಿಮೆ ಖರ್ಚಿನಲ್ಲಿ, ಕಳೆದುಕೊಳ್ಳದೆ ದಾಟಿಸುವುದು ಹೇಗೆ ಎಂಬುದಷ್ಟೇ ಇವತ್ತಿನ ವಿಷಯ.

ಇಥೀರಿಯಂನ ಮುಖ್ಯ ಜಾಲದಲ್ಲಿ 12 ಸೆಕೆಂಡಿಗೊಂದು ಬ್ಲಾಕ್, ಅಂದರೆ ವಹಿವಾಟುಗಳ ಒಂದು ಪುಟ, ಬರುತ್ತದೆ. ಅದರಲ್ಲಿ ಜಾಗ ಕಡಿಮೆ. ಜಾಗಕ್ಕೆ ಪೈಪೋಟಿ ಬಿದ್ದಾಗ ವಹಿವಾಟು ಬರೆಸಲು ಕೊಡುವ ಗ್ಯಾಸ್ ಶುಲ್ಕ ಏರುತ್ತದೆ. ಕೋಲಾರದ ಎಪಿಎಂಸಿಯಲ್ಲಿ ಒಂದು ಬಾಕ್ಸ್ ಟೊಮೆಟೊಗೆ ಯಾರೂ ಲಾರಿ ಗೊತ್ತು ಮಾಡುವುದಿಲ್ಲ. ಹಲವರ ಬಾಕ್ಸ್ ಒಂದೇ ಲಾರಿಗೆ ಹತ್ತಿಸಿ ಬಾಡಿಗೆ ಹಂಚಿಕೊಳ್ಳುತ್ತಾರೆ. ಲೇಯರ್ ಟೂ ಮಾಡುವುದೂ ಅದನ್ನೇ. ನೂರಾರು ವಹಿವಾಟುಗಳನ್ನು ತನ್ನಲ್ಲೇ ನಡೆಸಿ, ಅವುಗಳ ದಾಖಲೆಯನ್ನು ಒತ್ತಿ ಒಂದು ಕಂತೆ ಮಾಡಿ ಮುಖ್ಯ ಜಾಲಕ್ಕೆ ಬರೆಯುತ್ತದೆ. 2024ರ ಮಾರ್ಚ್ 13ರಂದು ಡೆಂಕುನ್ ಎಂಬ ಅಪ್‌ಗ್ರೇಡ್ ಬಂದು, ಈ ಕಂತೆಗಳಿಗೆಂದೇ ಬ್ಲಾಬ್ ಎಂಬ ಬೇರೆ ಜಾಗ ಸಿಕ್ಕಿತು. ಅಲ್ಲಿಂದಾಚೆಗೆ ಲೇಯರ್ ಟೂ ಒಳಗಿನ ಸಾದಾ ವರ್ಗಾವಣೆಗೆ ಸಾಮಾನ್ಯವಾಗಿ ಕೆಲವು ಪೈಸೆಯಿಂದ ಕೆಲವು ರೂಪಾಯಿ ಸಾಕು. ಆದ್ದರಿಂದ ಒಳಗೆ ಹೋದ ಮೇಲಿನ ಶುಲ್ಕದ ಚಿಂತೆ ಬಿಡಿ. ಖರ್ಚು ಬೀಳುವುದು ದಾಟುವಾಗ. ದುಡ್ಡು ಹೋಗುವುದು ತಪ್ಪು ನೆಟ್‌ವರ್ಕ್ ಒತ್ತಿದಾಗ.

ಮೊದಲು ನೋಡಬೇಕಾದ್ದು ದುಡ್ಡು ಈಗ ಎಲ್ಲಿದೆ ಎಂದು. ಕ್ರಿಪ್ಟೋ ಕೊಂಡು ಮಾರುವ ಎಕ್ಸ್‌ಚೇಂಜ್‌ನಲ್ಲೇ ಇದ್ದರೆ ಅದರ ವಿತ್‌ಡ್ರಾ ಪುಟ ತೆರೆದು ನೆಟ್‌ವರ್ಕ್‌ಗಳ ಪಟ್ಟಿ ನೋಡಿ. ಅಲ್ಲಿ ಆರ್ಬಿಟ್ರಮ್ ಒನ್ ಅಥವಾ ಬೇಸ್ ಎಂದಿದ್ದರೆ ಅದನ್ನೇ ಆರಿಸಿ, ನಿಮ್ಮ ವ್ಯಾಲೆಟ್ ವಿಳಾಸ ಕೊಟ್ಟು ನೇರವಾಗಿ ಅಲ್ಲಿಗೇ ಇಳಿಸಿ. ಒಂದು ಜಾಲದಿಂದ ಇನ್ನೊಂದಕ್ಕೆ ದಾಟಿಸುವ ಬ್ರಿಡ್ಜ್ ಬೇಡ, ಮುಖ್ಯ ಜಾಲದ ಗ್ಯಾಸೂ ಬೇಡ. ಇದಕ್ಕಿಂತ ಅಗ್ಗದ, ಇದಕ್ಕಿಂತ ಸುರಕ್ಷಿತವಾದ ದಾರಿ ಸಾಮಾನ್ಯ ಬಳಕೆದಾರನಿಗೆ ಇಲ್ಲ. ಬ್ರಿಡ್ಜ್‌ಗಳ ಬಗ್ಗೆ ಓದುತ್ತಾ ಕೂರುವ ಬಹಳ ಜನ ಈ ಪಟ್ಟಿಯನ್ನೇ ನೋಡಿರುವುದಿಲ್ಲ. ಎಲ್ಲ ಎಕ್ಸ್‌ಚೇಂಜ್‌ಗಳೂ ಕ್ರಿಪ್ಟೋವನ್ನು ಹೊರಗೆ ಕಳಿಸಲು ಬಿಡುವುದಿಲ್ಲ, ಬಿಟ್ಟರೂ ಎಲ್ಲ ನೆಟ್‌ವರ್ಕ್ ಕೊಡುವುದಿಲ್ಲ. ಆದ್ದರಿಂದ ಈ ಪಟ್ಟಿಯನ್ನು ಕೊಳ್ಳುವ ಮೊದಲೇ ನೋಡಬೇಕು.

ಡಾಲರ್ ಬೆಲೆಯದೇ ಇನ್ನೊಂದು ಟೋಕನ್ ಯುಎಸ್‌ಡಿಟಿ ಇಟ್ಟುಕೊಂಡವರಿಗೆ ಇನ್ನೊಂದು ಮಾತು. ನಿಮ್ಮ ವಿಳಾಸ ಇಂಗ್ಲಿಷಿನ ಟಿ ಅಕ್ಷರದಿಂದ ಶುರುವಾಗಿದ್ದರೆ ಅದು ಟ್ರಾನ್ ಎಂಬ ಬೇರೆಯೇ ಜಾಲದ್ದು. ಇಥೀರಿಯಂ ಕುಟುಂಬದ ವಿಳಾಸಗಳು ಸೊನ್ನೆ, ಎಕ್ಸ್ ಎಂದು ಶುರುವಾಗುತ್ತವೆ. ಈ ಲೇಯರ್ ಟೂಗಳ ಅಧಿಕೃತ ಬ್ರಿಡ್ಜ್‌ಗಳಿಗೆ ಟ್ರಾನ್ ಗೊತ್ತಿಲ್ಲ.

ಈಗ ದುಡ್ಡು ನಿಮ್ಮದೇ ವ್ಯಾಲೆಟ್‌ನಲ್ಲಿ, ಮುಖ್ಯ ಜಾಲದಲ್ಲಿದೆ ಎಂದುಕೊಳ್ಳಿ. ಆಗ ಆಯಾ ಲೇಯರ್ ಟೂನ ಅಧಿಕೃತ ಬ್ರಿಡ್ಜ್ ಬಳಸಿ. ಗೂಗಲ್‌ನಲ್ಲಿ ಹುಡುಕಿ ಮೊದಲು ಕಂಡದ್ದನ್ನು ಒತ್ತಬೇಡಿ. ಮೇಲ್ಗಡೆ ಬರುವ ಜಾಹೀರಾತಿನಲ್ಲಿ ನಕಲಿ ತಾಣ ಇರಬಹುದು. ಇಥೀರಿಯಂನ ಅಧಿಕೃತ ತಾಣದಿಂದ ಅಥವಾ ಲೇಯರ್ ಟೂಗಳ ವಿವರ ಕೊಡುವ ಎಲ್‌ಟೂಬೀಟ್ ತಾಣದಲ್ಲಿ ಆ ಜಾಲದ ಪುಟದಿಂದ ಒಳಗೆ ಹೋಗಿ, ಒಮ್ಮೆ ತಲುಪಿದ ಮೇಲೆ ಬುಕ್‌ಮಾರ್ಕ್ ಮಾಡಿಕೊಳ್ಳಿ. ವ್ಯಾಲೆಟ್‌ಗೆ ನೆಟ್‌ವರ್ಕ್ ಸೇರಿಸುವಾಗ ಚೈನ್ ಐಡಿ, ಅಂದರೆ ಆ ಜಾಲದ ಗುರುತಿನ ಸಂಖ್ಯೆ, ತಾಳೆ ನೋಡಿ. ಆರ್ಬಿಟ್ರಮ್ ಒನ್‌ಗೆ 42161, ಬೇಸ್‌ಗೆ 8453, ಆಪ್ಟಿಮಿಸಮ್‌ಗೆ 10.

ಖರ್ಚಿನ ಲೆಕ್ಕ ಹೀಗೆ. ಈಥರ್ ಕಳಿಸುವ ಸಾದಾ ವಹಿವಾಟಿಗೆ 21,000 ಯೂನಿಟ್ ಗ್ಯಾಸ್ ಬೇಕು. ಬ್ರಿಡ್ಜ್‌ಗೆ ಜಮೆ ಮಾಡುವುದಕ್ಕೆ ಅದಕ್ಕಿಂತ ಹೆಚ್ಚು. ಲೆಕ್ಕ ಸುಲಭವಾಗಲಿ ಎಂದು 1,00,000 ಇಟ್ಟುಕೊಳ್ಳೋಣ. ಗ್ವೈ ಎಂದರೆ ಈಥರ್‌ನ ನೂರು ಕೋಟಿಯಲ್ಲಿ ಒಂದು ಭಾಗ. ಗ್ಯಾಸ್ ದರ ಯೂನಿಟ್‌ಗೆ 2 ಗ್ವೈ ಇದ್ದಾಗ ಕಳಿಸಿದರೆ 0.0002 ಈಥರ್. ಅದೇ ಕೆಲಸವನ್ನು ದರ 40 ಗ್ವೈಗೆ ಏರಿದಾಗ ಮಾಡಿದರೆ 0.004 ಈಥರ್. ಒಂದು ಈಥರ್‌ಗೆ 2,00,000 ರೂಪಾಯಿ ಎಂದು ಹಿಡಿದರೆ ಮೊದಲನೆಯದು 40 ರೂಪಾಯಿ, ಎರಡನೆಯದು 800 ರೂಪಾಯಿ. ಕಳಿಸುವ ಮೊತ್ತ ಹತ್ತು ಸಾವಿರವಾದರೂ ಹತ್ತು ಲಕ್ಷವಾದರೂ ಈ ಗ್ಯಾಸ್ ಅಷ್ಟೇ. ಹಾಗಾಗಿ ಚಿಲ್ಲರೆ ಚಿಲ್ಲರೆಯಾಗಿ ದಿನಾ ದಾಟಿಸುವುದು ನಷ್ಟ. ಪರೀಕ್ಷೆಗೆ ಒಂದು ಸಣ್ಣ ಮೊತ್ತ ಕಳಿಸಿ, ಅದು ಆ ಕಡೆ ಕಂಡ ಮೇಲೆ ಉಳಿದದ್ದನ್ನು ಒಟ್ಟಿಗೆ ಕಳಿಸಿ. ಪರೀಕ್ಷೆಗೆ ಎರಡನೇ ಸಲ ಗ್ಯಾಸ್ ಬೀಳುತ್ತದಲ್ಲ ಎನ್ನಬಹುದು. ಬೀಳುತ್ತದೆ, ಆದರೆ ಆ ಖರ್ಚು ಉಳಿಸಲು ಹೋಗಬೇಡಿ. ಉಳಿಸಬೇಕಾದರೆ ಹೊತ್ತು ನೋಡಿ ಉಳಿಸಿ. ಅಮೆರಿಕದ ಕಚೇರಿ ಸಮಯ ಎಂದರೆ ನಮ್ಮ ಸಂಜೆ ಮತ್ತು ರಾತ್ರಿ, ಆಗ ಜಾಲದಲ್ಲಿ ದಟ್ಟಣೆ ಹೆಚ್ಚು. ಶನಿವಾರ, ಭಾನುವಾರದ ನಮ್ಮ ಬೆಳಗಿನ ಹೊತ್ತು ಸಾಮಾನ್ಯವಾಗಿ ದರ ಇಳಿದಿರುತ್ತದೆ. ಇಥೀರಿಯಂ ವಹಿವಾಟುಗಳನ್ನು ತೋರಿಸುವ ಈಥರ್‌ಸ್ಕ್ಯಾನ್ ತಾಣದ ಗ್ಯಾಸ್ ಟ್ರ್ಯಾಕರ್‌ನಲ್ಲಿ ಅದು ಕಣ್ಣಿಗೇ ಕಾಣುತ್ತದೆ.

ಈಥರ್ ಬದಲು ಯುಎಸ್‌ಡಿಸಿಯಂಥ ಟೋಕನ್ ಕಳಿಸುವುದಾದರೆ ಎರಡು ವಹಿವಾಟು. ಮೊದಲನೆಯದು ಅಪ್ರೂವ್, ಅಂದರೆ ನಿಮ್ಮ ಟೋಕನ್ ಮುಟ್ಟಲು ಬ್ರಿಡ್ಜ್‌ಗೆ ಅನುಮತಿ. ಎರಡನೆಯದು ಜಮೆ. ಅನುಮತಿಯ ಮೊತ್ತವನ್ನು ಮಿತಿಯಿಲ್ಲದಂತೆ ಬಿಡದೆ, ಕಳಿಸುವಷ್ಟಕ್ಕೇ ತಿದ್ದಿ ಒಪ್ಪಿ. ಮುಂದೆ ಬ್ರಿಡ್ಜ್ ನಡೆಸುವ ಕಾಂಟ್ರ್ಯಾಕ್ಟ್‌ನಲ್ಲಿ, ಅಂದರೆ ಅದರ ಪ್ರೋಗ್ರಾಂನಲ್ಲಿ, ದೋಷ ಸಿಕ್ಕರೆ ಕಳ್ಳರು ಮೊದಲು ಖಾಲಿ ಮಾಡುವುದು ಮಿತಿಯಿಲ್ಲದ ಅನುಮತಿ ಕೊಟ್ಟ ವ್ಯಾಲೆಟ್‌ಗಳನ್ನು.

ಜಮೆ ಮಾಡಿದ ಮೇಲೆ ಬೇಸ್ ಮತ್ತು ಆಪ್ಟಿಮಿಸಮ್‌ನಲ್ಲಿ ಕೆಲವು ನಿಮಿಷ, ಆರ್ಬಿಟ್ರಮ್‌ನಲ್ಲಿ ಹತ್ತು ಹದಿನೈದು ನಿಮಿಷ ಕಾಯಬೇಕು. ರೈಲಿನಲ್ಲಿ ಕೂತು ಮಾಡುವವರು ಇಲ್ಲಿ ಗಮನ ಕೊಡಿ. ಕನ್ಫರ್ಮ್ ಒತ್ತಿದ ಕೂಡಲೇ ಸಿಗ್ನಲ್ ಹೋಯಿತು, ಪರದೆ ತಿರುಗುತ್ತಲೇ ಇದೆ, ಆಗ ಮತ್ತೊಮ್ಮೆ ಕಳಿಸಬೇಡಿ. ವಹಿವಾಟು ಜಾಲಕ್ಕೆ ತಲುಪಿದ್ದರೆ ನಿಮ್ಮ ಫೋನ್ ಆಫ್ ಆದರೂ ಅದು ಮುಗಿಯುತ್ತದೆ. ತಲುಪಿದೆಯೋ ಇಲ್ಲವೋ ಎಂಬುದನ್ನು ಈಥರ್‌ಸ್ಕ್ಯಾನ್‌ನಲ್ಲಿ ನಿಮ್ಮ ವಿಳಾಸ ಹಾಕಿ ನೋಡಿ. ಪೆಂಡಿಂಗ್ ಎಂದು ನಿಂತಿದ್ದರೆ ಕೊಟ್ಟ ದರ ಸಾಲದು ಎಂದರ್ಥ. ವ್ಯಾಲೆಟ್‌ನಲ್ಲಿ ಸ್ಪೀಡ್ ಅಪ್ ಒತ್ತಿದರೆ ಅದೇ ವಹಿವಾಟು ಹೆಚ್ಚಿನ ದರದಲ್ಲಿ ಹೋಗುತ್ತದೆ. ಫೇಲ್ ಆದ ವಹಿವಾಟಿಗೂ ಗ್ಯಾಸ್ ಕಡಿತವಾಗುತ್ತದೆ ಎಂಬುದು ನೆನಪಿರಲಿ.

ಎಕ್ಸ್‌ಚೇಂಜ್‌ನಿಂದ ನೇರವಾಗಿ ಬ್ರಿಡ್ಜ್ ಕಾಂಟ್ರ್ಯಾಕ್ಟ್‌ನ ವಿಳಾಸಕ್ಕೆ ದುಡ್ಡು ಕಳಿಸುವುದು ದೊಡ್ಡ ತಪ್ಪು. ಬ್ರಿಡ್ಜ್ ಆ ಕಡೆ ದುಡ್ಡು ಕೊಡುವುದು ಕಳಿಸಿದ ವಿಳಾಸಕ್ಕೆ. ಕಳಿಸಿದವರು ಎಕ್ಸ್‌ಚೇಂಜ್‌ನವರು, ಆದ್ದರಿಂದ ದುಡ್ಡು ಅವರ ವಿಳಾಸದಲ್ಲಿ ಬೀಳುತ್ತದೆ. ಮೊದಲು ನಿಮ್ಮ ವ್ಯಾಲೆಟ್, ಅಲ್ಲಿಂದ ಬ್ರಿಡ್ಜ್.

ಗ್ಯಾಸ್‌ಗೆ ಎರಡೂ ದಡದಲ್ಲಿ ಈಥರ್ ಇರಬೇಕು. ಬರೀ ಯುಎಸ್‌ಡಿಸಿ ದಾಟಿಸಿದವರಿಗೆ ಆ ಕಡೆ ದುಡ್ಡು ಕಾಣುತ್ತದೆ, ಕದಲಿಸಲು ಬರುವುದಿಲ್ಲ. ಇದ್ದ ಈಥರ್ ಪೂರ್ತಿ ದಾಟಿಸಿದವರಿಗೆ ವಾಪಸು ಬರುವಾಗ ಮುಖ್ಯ ಜಾಲದಲ್ಲಿ ಕ್ಲೈಮ್ ಮಾಡಲು, ಅಂದರೆ ದುಡ್ಡು ಬಿಡಿಸಿಕೊಳ್ಳಲು, ಗ್ಯಾಸ್ ಇರುವುದಿಲ್ಲ.

ಯುಎಸ್‌ಡಿಸಿಯಲ್ಲೇ ಎರಡು ಬಗೆ ಇದೆ. ಆರ್ಬಿಟ್ರಮ್‌ನಲ್ಲಿ ಸರ್ಕಲ್ ಕಂಪನಿಯೇ ನೇರವಾಗಿ ಹೊರಡಿಸುವ ಯುಎಸ್‌ಡಿಸಿ 2023ರ ಜೂನ್‌ನಲ್ಲಿ ಬಂತು. ಅದಕ್ಕೂ ಮೊದಲಿಂದ ಬ್ರಿಡ್ಜ್ ಮೂಲಕ ಬಂದಿದ್ದಕ್ಕೆ ಯುಎಸ್‌ಡಿಸಿ ಡಾಟ್ ಇ ಎಂಬ ಹೆಸರು. ಎರಡರ ಕಾಂಟ್ರ್ಯಾಕ್ಟ್ ವಿಳಾಸ ಬೇರೆ ಬೇರೆ. ಎಕ್ಸ್‌ಚೇಂಜ್ ಒಪ್ಪುವುದು ಒಂದನ್ನು, ನೀವು ಕಳಿಸಿದ್ದು ಇನ್ನೊಂದನ್ನು ಎಂದಾದರೆ ಖಾತೆಗೆ ಜಮೆಯಾಗುವುದಿಲ್ಲ. ಸರ್ಕಲ್‌ನ ಸಿಸಿಟಿಪಿ ವ್ಯವಸ್ಥೆಯ ಮೂಲಕ ಹೋದರೆ ಈ ಕಡೆ ಟೋಕನ್ ಸುಟ್ಟು ಆ ಕಡೆ ಅಸಲಿ ಟೋಕನ್ನೇ ಹೊಸದಾಗಿ ಹುಟ್ಟುತ್ತದೆ, ಗೊಂದಲವಿರುವುದಿಲ್ಲ.

ವಾಪಸು ಬರುವ ದಾರಿಯನ್ನು ಹೋಗುವ ಮೊದಲೇ ತಿಳಿದಿರಬೇಕು. ಆರ್ಬಿಟ್ರಮ್, ಬೇಸ್, ಆಪ್ಟಿಮಿಸಮ್ ಮೂರೂ ಆಪ್ಟಿಮಿಸ್ಟಿಕ್ ಜಾತಿಯವು. ಅಂದರೆ ಲೆಕ್ಕ ಸರಿಯಿದೆ ಎಂದು ಮೊದಲು ನಂಬಿ, ತಪ್ಪಿದ್ದರೆ ತಕರಾರು ಹಾಕಲು ಸುಮಾರು 7 ದಿನ ಬಿಡುತ್ತವೆ. ಅಧಿಕೃತ ಬ್ರಿಡ್ಜ್‌ನಲ್ಲಿ ಹೊರಬರಲು ಆ 7 ದಿನ ಕಾಯಲೇಬೇಕು. ಬೇಸ್, ಆಪ್ಟಿಮಿಸಮ್‌ನಲ್ಲಾದರೆ ನಡುವೆ ಪ್ರೂವ್, ಕೊನೆಗೆ ಫೈನಲೈಸ್ ಎಂಬ ಎರಡು ವಹಿವಾಟು, ಎರಡೂ ಮುಖ್ಯ ಜಾಲದ ದರದಲ್ಲಿ. ಎರಡು ಮೂರು ಸಾವಿರ ರೂಪಾಯಿಗೆ ಈ ದಾರಿ ಹಿಡಿಯುವುದರಲ್ಲಿ ಅರ್ಥವಿಲ್ಲ. ನಿಮ್ಮ ಎಕ್ಸ್‌ಚೇಂಜ್ ಅದೇ ಲೇಯರ್ ಟೂನಲ್ಲಿ ಡೆಪಾಸಿಟ್ ಒಪ್ಪುವುದಾದರೆ ನೇರವಾಗಿ ಅಲ್ಲಿಗೆ ಕಳಿಸುವುದೇ ಮೇಲು.

ಕಾಯಲು ಆಗದವರಿಗೆ ಅಕ್ರಾಸ್, ಸ್ಟಾರ್‌ಗೇಟ್‌ನಂಥ ಮೂರನೆಯವರ ಬ್ರಿಡ್ಜ್‌ಗಳಿವೆ. ಅಕ್ರಾಸ್‌ನಲ್ಲಿ ರಿಲೇಯರ್ ಎನ್ನುವವರು ಆ ಕಡೆ ತಮ್ಮ ದುಡ್ಡನ್ನು ನಿಮಗೆ ತಕ್ಷಣ ಕೊಟ್ಟು, ಕಾಯುವ ಕೆಲಸ ತಾವು ಹೊತ್ತುಕೊಂಡು, ಅದಕ್ಕೆ ಸಣ್ಣ ಶುಲ್ಕ ಹಿಡಿಯುತ್ತಾರೆ. ಸಣ್ಣ ಮೊತ್ತಕ್ಕೆ ಇದು ಒಳ್ಳೆಯದೇ. ದೊಡ್ಡ ಮೊತ್ತಕ್ಕೆ ನನ್ನ ಸಲಹೆ ಅಧಿಕೃತ ಬ್ರಿಡ್ಜ್ ಮತ್ತು ತಾಳ್ಮೆ. ಬ್ರಿಡ್ಜ್ ಎಂದರೆ ಬಹಳ ಜನರ ದುಡ್ಡು ಒಂದೇ ಕಡೆ ಕೂಡಿಟ್ಟ ಜಾಗ. ರೋನಿನ್ ಎಂಬ ಗೇಮಿಂಗ್ ಜಾಲದ ಬ್ರಿಡ್ಜ್‌ಗೆ ವಹಿವಾಟಿಗೆ ಸಹಿ ಹಾಕುವ 9 ವ್ಯಾಲಿಡೇಟರ್‌ಗಳಿದ್ದರು, 5 ಸಹಿ ಇದ್ದರೆ ದುಡ್ಡು ಹೊರಗೆ. 2022ರ ಮಾರ್ಚ್‌ನಲ್ಲಿ ಕಳ್ಳರು ಆ 5 ಸಹಿಗಳ ಗುಪ್ತ ಕೀಗಳನ್ನೇ ಕೈವಶ ಮಾಡಿಕೊಂಡು 1,73,600 ಈಥರ್ ಮತ್ತು 2.55 ಕೋಟಿ ಯುಎಸ್‌ಡಿಸಿ ಸಾಗಿಸಿದರು.

ತಪ್ಪು ನೆಟ್‌ವರ್ಕ್‌ಗೆ ಹೋದ ದುಡ್ಡು ಸಿಗುತ್ತದೆಯೇ? ಎಲ್ಲಿಗೆ ಹೋಯಿತು ಎಂಬುದರ ಮೇಲಿದೆ. ಮೆಟಾಮಾಸ್ಕ್‌ನಂಥ ಸಾಧಾರಣ ವ್ಯಾಲೆಟ್‌ಗೆ ಈ ಕುಟುಂಬದ ಎಲ್ಲ ಜಾಲಗಳಲ್ಲೂ ವಿಳಾಸ ಒಂದೇ, ಕೀ ಒಂದೇ. ಬೇಸ್ ಬದಲು ಆರ್ಬಿಟ್ರಮ್‌ಗೆ ಬಿದ್ದಿದ್ದರೆ ಆ ನೆಟ್‌ವರ್ಕ್ ಸೇರಿಸಿಕೊಳ್ಳಿ, ದುಡ್ಡು ಅಲ್ಲೇ ಇರುತ್ತದೆ. ಎಕ್ಸ್‌ಚೇಂಜ್‌ನ ವಿಳಾಸಕ್ಕೆ ಅವರು ಒಪ್ಪದ ಜಾಲದಲ್ಲಿ ಕಳಿಸಿದ್ದರೆ ಕೀ ಅವರ ಬಳಿ, ಹಿಂದಿರುಗಿಸುವುದು ಅವರ ಮನಸ್ಸು. ಮೂರನೆಯದು ಹಲವರ ಸಹಿ ಬೇಕಾಗುವ ಮಲ್ಟಿಸಿಗ್ ಕಾಂಟ್ರ್ಯಾಕ್ಟ್ ವ್ಯಾಲೆಟ್. ಒಂದು ಜಾಲದಲ್ಲಿ ಅದು ಇದ್ದ ಮಾತ್ರಕ್ಕೆ ಇನ್ನೊಂದರಲ್ಲಿ ಇರುವುದಿಲ್ಲ. 2022ರಲ್ಲಿ ವಿಂಟರ್‌ಮ್ಯೂಟ್ ಎಂಬ ವೃತ್ತಿಪರ ಸಂಸ್ಥೆಯೇ ಹೀಗೆ ಎಡವಿತು. ಅದು ಕೊಟ್ಟ ಮಲ್ಟಿಸಿಗ್ ವಿಳಾಸಕ್ಕೆ ಆಪ್ಟಿಮಿಸಮ್‌ನಲ್ಲಿ 2 ಕೋಟಿ ಓಪಿ ಟೋಕನ್ ಬಂದು ಬಿತ್ತು. ಅಲ್ಲಿ ಆ ವ್ಯಾಲೆಟ್ ಇನ್ನೂ ಸ್ಥಾಪನೆಯಾಗಿರಲಿಲ್ಲ. ಇನ್ಯಾರೋ ಅದೇ ವಿಳಾಸದಲ್ಲಿ ಕಾಂಟ್ರ್ಯಾಕ್ಟ್ ಸ್ಥಾಪಿಸಿ ಟೋಕನ್ ವಶಪಡಿಸಿಕೊಂಡರು. ಬಹುಪಾಲು ಆಮೇಲೆ ಹಿಂದಿರುಗಿತು.

ಇನ್ನು ವಿಳಾಸದ ವಿಷ. ನೀವು ದುಡ್ಡು ಕಳಿಸುವ ವಿಳಾಸದಂತೆಯೇ ಮೊದಲ ನಾಲ್ಕು, ಕೊನೆಯ ನಾಲ್ಕು ಅಕ್ಷರ ಹೋಲುವ ವಿಳಾಸ ತಯಾರಿಸಿ, ಅಲ್ಲಿಂದ ಪುಡಿಗಾಸು ಕಳಿಸಿ ನಿಮ್ಮ ಹಳೆಯ ವಹಿವಾಟುಗಳ ಪಟ್ಟಿಯಲ್ಲಿ ಕೂರುತ್ತಾರೆ. ನೀವು ಆ ಪಟ್ಟಿಯಿಂದ ಕಾಪಿ ಮಾಡಿದಿರೋ, ಮುಗಿಯಿತು. 2024ರ ಮೇ ತಿಂಗಳಲ್ಲಿ ಒಬ್ಬರು ಹೀಗೆ ಬಿಟ್‌ಕಾಯಿನ್ ಬದಲಿಗೆ ಇಥೀರಿಯಂನಲ್ಲಿ ಓಡುವ 1,155 ರ‍್ಯಾಪ್ಡ್ ಬಿಟ್‌ಕಾಯಿನ್ ತಪ್ಪು ಕೈಗೆ ಕಳಿಸಿದ್ದರು. ವ್ಯಾಲೆಟ್‌ನ ಅಡ್ರೆಸ್ ಬುಕ್‌ನಲ್ಲಿ ಉಳಿಸಿಟ್ಟ ವಿಳಾಸವನ್ನೇ ಬಳಸಿ, ನಡುವಿನ ಅಕ್ಷರಗಳನ್ನೂ ಓದಿ.

ವ್ಯಾಲೆಟ್‌ಗೆ ಬೀಗದ ಕೈಯಂತಿರುವ 12 ಪದಗಳ ಸೀಡ್ ಫ್ರೇಜ್ ಕೈಯಾರೆ ಕಾಗದದ ಮೇಲೆ ಬರೆದು ಮನೆಯಲ್ಲಿಡಿ. ಫೋಟೊ ಬೇಡ, ವಾಟ್ಸ್ಯಾಪ್ ಬೇಡ, ಕಾಗದ ಹಾಳಾಗಬಾರದೆಂದು ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಶನ್ ಮಾಡಿಸುವುದೂ ಬೇಡ. ಬ್ರಿಡ್ಜ್‌ನಲ್ಲಿ ದುಡ್ಡು ಸಿಕ್ಕಿಕೊಂಡಿದೆ, ಬಿಡಿಸಿಕೊಡುತ್ತೇವೆ ಎಂದು ಟೆಲಿಗ್ರಾಂನಲ್ಲಿ ತಾವಾಗಿ ಬಂದು ಈ ಪದಗಳನ್ನು ಕೇಳುವವರೆಲ್ಲ ಕಳ್ಳರೇ, ಇದಕ್ಕೆ ವಿನಾಯಿತಿಯಿಲ್ಲ.

ತೆರಿಗೆಯ ಮಾತು ಖರ್ಚಿನದ್ದೇ ಭಾಗ. ನಮ್ಮಲ್ಲಿ ಕ್ರಿಪ್ಟೋ ಲಾಭಕ್ಕೆ 30 ಶೇಕಡಾ ತೆರಿಗೆ, ಮೇಲೆ ಸೆಸ್. ಒಂದು ಟೋಕನ್ ಕೊಟ್ಟು ಇನ್ನೊಂದು ಪಡೆದರೂ ಅದು ಮಾರಾಟವೇ. ಆದ್ದರಿಂದ ದಾಟಿಸಲು ಅನುಕೂಲ ಎಂದು ಈಥರ್ ಅನ್ನು ಯುಎಸ್‌ಡಿಸಿಗೆ ಬದಲಿಸಿದರೆ ಉಳಿಸಿದ ಗ್ಯಾಸ್‌ಗಿಂತ ಹೆಚ್ಚು ತೆರಿಗೆ ಬೀಳಬಹುದು. ಇದ್ದದ್ದನ್ನು ಇದ್ದಂತೆಯೇ ದಾಟಿಸಿ. ಲಾಭದಿಂದ ಕಳೆಯಲು ಬಿಡುವುದು ಕೊಂಡ ಬೆಲೆಯನ್ನು ಮಾತ್ರ, ಗ್ಯಾಸ್ ಮತ್ತು ಬ್ರಿಡ್ಜ್ ಶುಲ್ಕವನ್ನಲ್ಲ. ಪ್ರತಿ ಸಲ ದಾಟಿಸಿದಾಗ ದಿನಾಂಕ, ಎರಡೂ ಜಾಲದ ಹೆಸರು, ಮೊತ್ತ, ಎರಡೂ ಕಡೆಯ ಟ್ರಾನ್ಸಾಕ್ಷನ್ ಹ್ಯಾಶ್, ಅಂದರೆ ಆ ವಹಿವಾಟಿನ ಗುರುತು ಸಂಖ್ಯೆ, ಬರೆದಿಡಿ. ಬೇರೆಯವರಿಗೆ ಮಾರಿದ್ದಲ್ಲ, ನಿಮ್ಮದೇ ವ್ಯಾಲೆಟ್‌ಗೆ ಸಾಗಿಸಿದ್ದು ಎಂದು ತೋರಿಸಲು ಬೇಕಾಗುವುದು ಆ ಹ್ಯಾಶ್. ಮೋಸ ಹೋದಾಗ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಸೈಬರ್ ಅಪರಾಧ ನೋಡುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಯಲ್ಲಿ ದೂರು ಬರೆಸುವಾಗಲೂ ಮೊದಲು ಕೊಡಬೇಕಾದ್ದು ಅದನ್ನೇ. ಕಳ್ಳರು ಆ ದುಡ್ಡನ್ನು ಇನ್ನೊಂದು ಎಕ್ಸ್‌ಚೇಂಜ್‌ಗೆ ಮುಟ್ಟಿಸುವ ಮೊದಲು ದೂರು ಹೋದರೆ ಅಲ್ಲಿ ತಡೆಹಿಡಿಯುವ ಅವಕಾಶ ಇರುತ್ತದೆ.