ಹಸಿರು ತಂತಿ ನೆಲ ಮುಟ್ಟಿದೆಯಾ?

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ಮನೆಯಲ್ಲೇ ಕಟ್ಟಿಕೊಳ್ಳಬಹುದಾದ ಒಂದು ಕರೆಂಟ್ ಹಂಡೆಯ ಬಗ್ಗೆ ಹೇಳುತ್ತೇನೆ. ಸ್ನಾನದ ನೀರಿನ ಹಂಡೆ ಅಲ್ಲ, ಮಾಲ್ಟ್ ಗಂಜಿ ಮಾಡುವ ಹಂಡೆ. ಜೋಳದ ಗಂಜಿಗೆ ಮೊಳಕೆ ಕಟ್ಟಿದ ಬಾರ್ಲಿಯ ಪುಡಿ, ಅಂದರೆ ಮಾಲ್ಟ್, ಬೆರೆಸಿ, ಇಷ್ಟೇ ಬಿಸಿಯಲ್ಲಿ ಇಷ್ಟೇ ಹೊತ್ತು ಇಟ್ಟರೆ ಸಕ್ಕರೆ ಹಾಕದೆಯೇ ಸಿಹಿಯಾಗುತ್ತದೆ. ಬಿಯರ್ ತಯಾರಿಸುವವರ ಹತ್ತಿರ ಇರುವುದೂ ಇದೇ ಏರ್ಪಾಟು. ನೀರು ಕಾಯಿಸುವ ಕಾಯಿಲ್, ಬಿಸಿ ಅಳೆಯುವ ಕಡ್ಡಿ, ಕರೆಂಟ್ ಹಚ್ಚಿ ಆರಿಸುವ ಕಂಟ್ರೋಲರ್. ಅಷ್ಟೇ.

ಬಿಯರ್ ಹೆಸರು ಬಂದಿದ್ದರಿಂದ ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮ ಕಡೆಯ ಹುಡುಗರು ರಜೆಗೆ ಬಂದಾಗ ನನ್ನನ್ನು ಕೇಳುವುದು ಅದನ್ನೇ. ನಮ್ಮ ರಾಜ್ಯದಲ್ಲಿ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವಂತಿಲ್ಲ. 1965ರ ಅಬಕಾರಿ ಕಾಯ್ದೆ ಇದೆ. ಮಾಲ್ಟ್ ನೀರಿಗೆ ಯೀಸ್ಟ್ ಹಾಕಿ ಹುಳಿ ಬರಿಸಿದರೆ ಬಿಯರ್ ಕಡೆಗೆ ಹೋದ ಹಾಗೆ. ನಾವು ಯೀಸ್ಟ್ ಹಾಕುವುದಿಲ್ಲ. ಅದಕ್ಕಿಂತ ಒಂದು ಹೆಜ್ಜೆ ಹಿಂದೆಯೇ ನಿಲ್ಲುತ್ತೇವೆ. ಮಕ್ಕಳಿಗೆ, ಹಿರಿಯರಿಗೆ, ಸಂಘದ ಅಕ್ಕಂದಿರು ಮಾಡಿ ಹಂಚುವುದಕ್ಕೆ ಅಷ್ಟು ಸಾಕು.

ನಾನು 30 ವರ್ಷ ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡಿನ ಹುಡುಗರಿಗೆ ಪಾಠ ಮಾಡಿದವನು. ಈ ಹಂಡೆಯ ಬಗ್ಗೆ ಹತ್ತು ಮಾತು ಹೇಳಬಹುದು. ಆದರೆ ಒಂದೇ ಒಂದು ಮಾತು ನಿಮ್ಮ ತಲೆಯಲ್ಲಿ ಉಳಿದರೆ ನನಗೆ ಸಾಕು. ನೀರಿದ್ದಲ್ಲಿ ಕರೆಂಟ್ ಇಡುವ ಮುಂಚೆ ಕೇಳಿಕೊಳ್ಳಿ: ಹಸಿರು ತಂತಿ ನೆಲ ಮುಟ್ಟಿದೆಯಾ?

ಮೂರು ಪಿನ್ನಿನ ಪ್ಲಗ್ ನೋಡಿದ್ದೀರಲ್ವಾ? ಮೇಲಿನ ದಪ್ಪ ಪಿನ್ನಿಗೆ ಬರುವ ತಂತಿಯೇ ಹಸಿರು ತಂತಿ, ಅರ್ಥ್ ತಂತಿ. ಅದು ಪ್ಲಗ್ಗಿನಿಂದ ಬೋರ್ಡಿಗೆ, ಬೋರ್ಡಿನಿಂದ ಮೇನ್ ಬೋರ್ಡಿಗೆ, ಅಲ್ಲಿಂದ ಹಿತ್ತಲಿನ ಗುಂಡಿಯಲ್ಲಿ ಹೂತ ಪೈಪಿಗೆ ಹೋಗಬೇಕು. ಹೋಗಿದೆಯಾ? ಎಷ್ಟು ಮನೆಯವರು ನೋಡಿದ್ದೀರಿ? ನಾನು ಕೇಳಿದಾಗೆಲ್ಲ ಬರುವ ಉತ್ತರ ಒಂದೇ, "ಮೂರು ಪಿನ್ನಿನದೇ ಅದ ರೀ ಸರ್." ಪಿನ್ ಇದ್ದರೆ ಸಾಲದು. ತಂತಿ ನೆಲ ಮುಟ್ಟಿರಬೇಕು.

ಬೀದರಿನಲ್ಲಿ ನಮ್ಮ ಅಕ್ಕನ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಸ್ವಲ್ಪ ಉದ್ದ ಇದೆ, ಆದರೆ ಪೂರ್ತಿ ಕೇಳಿ.

ನನ್ನ ಮೊದಲ ಹಂಡೆ ಅದು. 50 ಲೀಟರಿನ ಸ್ಟೀಲ್ ಹಂಡೆಗೆ ತಳದ ಹತ್ತಿರ ತೂತು ಕೊರೆದು, 3000 ವ್ಯಾಟಿನ ಕಾಯಿಲ್ ಕೂಡಿಸಿ, ವಾಷರ್ ಹಾಕಿ ಬಿಗಿ ಮಾಡಿದ್ದೆ. ಒಂದು ಹನಿ ಸೋರುತ್ತಿರಲಿಲ್ಲ. ಕಲಬುರಗಿಯ ನಮ್ಮ ಮನೆಯಲ್ಲಿ ಒಂದು ತಿಂಗಳು ಚೆನ್ನಾಗಿ ನಡೆದಿತ್ತು. ಬೇಸಿಗೆ ರಜೆಗೆ ಅಕ್ಕನ ಮನೆಗೆ ಹೊರಟಾಗ ಮಕ್ಕಳಿಗೆ ತೋರಿಸೋಣ ಅಂತ ಹೊತ್ತುಕೊಂಡು ಹೋದೆ. ಅಕ್ಕನ ಅಡುಗೆಮನೆಗೆ ಶಹಾಬಾದಿನ ಪರಸಿ ಹಾಸಿದ್ದಾರೆ. ಆಗ ತಾನೇ ನೆಲ ತೊಳೆದಿದ್ದರು. ಹಂಡೆ ಇಟ್ಟೆ, ನೀರು ತುಂಬಿದೆ, ದೊಡ್ಡ ಪ್ಲಗ್ಗಿಗೆ ಸಿಕ್ಕಿಸಿ ಸ್ವಿಚ್ ಹಾಕಿದೆ.

ಅಕ್ಕನ ಮಗಳಿಗೆ ಆಗ 9 ವರ್ಷ. ಬರಿಗಾಲಲ್ಲಿ ಬಂದಳು. ಹಂಡೆಯ ಅಂಚಿಗೆ ಒರಗಿಸಿದ್ದ ಸ್ಟೀಲ್ ಸೌಟು ಹಿಡಿದಳು, ತಕ್ಷಣ ಬಿಟ್ಟಳು. "ಮಾಮಾ, ಕೈ ಜುಮ್ ಅಂತದ" ಅಂದಳು. ಅಕ್ಕ ಒಲೆಯ ಹತ್ತಿರದಿಂದಲೇ, "ಹೊಸಾ ಮಶೀನ್ ಅಲ್ಲೇನವ್ವಾ, ಹಂಗೇ ಇರ್ತದ ಬಿಡು" ಅಂದಳು. ನಾನು ಓಡಿಹೋಗಿ ಸ್ವಿಚ್ ಆರಿಸಿ ಪ್ಲಗ್ ಕಿತ್ತೆ.

ಜುಮ್ ಅಂದದ್ದು ಹಂಗೇ ಇರುವಂಥದ್ದಲ್ಲ, ಅಕ್ಕಂದಿರೇ. ಸುಮಾರು 10 ಮಿಲಿ ಆಂಪಿಯರ್ ಮೈಯಲ್ಲಿ ಹರಿದರೆ ಸ್ನಾಯು ಬಿಗಿದು ಕೈ ಬಿಡಲಾಗದ ಹಾಗೆ ಆಗುತ್ತದೆ. ಮಕ್ಕಳಿಗೆ ಅದಕ್ಕಿಂತಲೂ ಕಡಿಮೆ ಸಾಕು. 30 ದಾಟಿದರೆ ಹೃದಯಕ್ಕೇ ಅಪಾಯ. ಅವಳು ಕೈ ಬಿಟ್ಟಳು, ಬಿಡಲು ಆಯಿತು. ಇದನ್ನು ನೆನೆಸಿಕೊಂಡಾಗೆಲ್ಲ ಇವತ್ತಿಗೂ ನನಗೆ ಎದೆ ಝಲ್ಲೆನ್ನುತ್ತದೆ.

ಎಲ್ಲರನ್ನೂ ಹೊರಗೆ ಕಳಿಸಿದೆ. ಕಾಲಿಗೆ ಒಣ ಚಪ್ಪಲಿ ಹಾಕಿಕೊಂಡು, ಒಣ ಮಣೆಯ ಮೇಲೆ ನಿಂತು, ಮತ್ತೆ ಸ್ವಿಚ್ ಹಾಕಿ ಹಂಡೆಗೆ ಟೆಸ್ಟರ್ ಮುಟ್ಟಿಸಿದೆ. ಟೆಸ್ಟರ್ ಹತ್ತಿತು. ಇಡೀ ಹಂಡೆಯಲ್ಲಿ ಕರೆಂಟ್! ನಮ್ಮ ಮನೆಯಲ್ಲಿ ಒಂದು ತಿಂಗಳು ಯಾಕೆ ಗೊತ್ತಾಗಲಿಲ್ಲ? ನಮ್ಮ ಮನೆಯಲ್ಲಿ ಹಸಿರು ತಂತಿ ನೆಲ ಮುಟ್ಟಿತ್ತು. ಸೋರಿದ ಚೂರುಪಾರು ಕರೆಂಟ್ ಸುಮ್ನೆ ಮಣ್ಣಿಗೆ ಇಳಿದುಹೋಗುತ್ತಿತ್ತು. ಇಲ್ಲಿ?

ಮೇನ್ ಆರಿಸಿ ಪ್ಲಗ್ಗಿನ ಬೋರ್ಡ್ ಬಿಚ್ಚಿದೆ. ಹಸಿರು ತಂತಿ ಇತ್ತು, ನೀಟಾಗಿ ಸ್ಕ್ರೂ ಹಾಕಿತ್ತು. ಪೈಪಿನೊಳಗೆ ಹೋಗಿತ್ತು. ಮೇನ್ ಬೋರ್ಡ್ ಬಿಚ್ಚಿದೆ. ಅಲ್ಲಿ ಮನೆಯ ಎಲ್ಲ ರೂಮುಗಳ ಹಸಿರು ತಂತಿ ಒಟ್ಟಿಗೆ ಬಂದಿದ್ದವು. ಐದು ತಂತಿ ಸೇರಿಸಿ ಹುರಿ ಮಾಡಿ, ಮೇಲೆ ಕಪ್ಪು ಟೇಪ್ ಸುತ್ತಿ, ಮೂಲೆಗೆ ಒತ್ತಿಟ್ಟಿದ್ದರು. ಅಲ್ಲಿಂದ ಮುಂದೆ ಏನೂ ಇರಲಿಲ್ಲ. ಪೈಪಿಲ್ಲ, ಗುಂಡಿಯಿಲ್ಲ. ಮನೆ ಕಟ್ಟಿ 11 ವರ್ಷವಾಗಿತ್ತು. 11 ವರ್ಷ ಫ್ರಿಜ್, ಮಿಕ್ಸಿ, ಬಟ್ಟೆ ಒಗೆಯುವ ಮಶೀನು ಎಲ್ಲವೂ ಆ ಟೇಪಿನ ಗಂಟನ್ನೇ ನಂಬಿಕೊಂಡು ನಡೆದಿದ್ದವು. ಟೇಪಿನ ಅಂಟು ಕರಗಿ ಧೂಳು ಮೆತ್ತಿಕೊಂಡಿತ್ತು. ಆ ಗಂಟು ಇನ್ನೂ ನನ್ನ ಕಣ್ಣ ಮುಂದಿದೆ.

ಮರುದಿನ ನಾನೂ ಭಾವನೂ ಹಾರೆ ಹಿಡಿದು ಹಿತ್ತಲಿಗೆ ಇಳಿದೆವು. ಬೀದರಿನ ನೆಲ ನಿಮಗೆ ಗೊತ್ತಲ್ಲ, ಕೆಂಪು ಜಂಬಿಟ್ಟಿಗೆ ಕಲ್ಲು. ಮೂರು ಅಡಿ ಹೋಗುವಷ್ಟರಲ್ಲಿ ಹಾರೆ ಹೊಡೆದರೆ ಬರೀ ಕೆಂಪು ಪುಡಿ ಏಳುತ್ತಿತ್ತು. ಈ ಕಲ್ಲಿನಲ್ಲಿ ನೀರು ನಿಲ್ಲುವುದಿಲ್ಲ, ಜರಡಿ ಹಾಗೆ ಇಳಿದುಹೋಗುತ್ತದೆ. ಒಣ ನೆಲ ಕರೆಂಟನ್ನು ಬೇಗ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅದಕ್ಕೇ ಬಚ್ಚಲ ನೀರು ಹರಿಯುವ ಕಡೆ ಜಾಗ ಹುಡುಕಿದೆವು. ಎರಡು ದಿನ ಅಗೆದು, ಎರಡೂವರೆ ಮೀಟರ್ ಉದ್ದದ ಜಿಐ ಪೈಪ್ ನಿಲ್ಲಿಸಿ, ಸುತ್ತ ಇದ್ದಿಲು ಒಂದು ಪದರ, ಉಪ್ಪು ಒಂದು ಪದರ ತುಂಬಿ, ಮೇಲೆ ನೀರು ಹಾಕುವುದಕ್ಕೆ ಒಂದು ಬಾಯಿ ಬಿಟ್ಟೆವು. ಆ ಕೆಲಸಕ್ಕೆ ಬಂದಿದ್ದ ವೈರ್‌ಮನ್ ಅರ್ಥ್ ಟೆಸ್ಟರ್ ಹಚ್ಚಿ ನೋಡಿದ. ಓಮ್ ಅಂದರೆ ನೆಲ ಕರೆಂಟಿಗೆ ಒಡ್ಡುವ ತಡೆಯ ಅಳತೆ, ಕಡಿಮೆ ಇದ್ದಷ್ಟೂ ಒಳ್ಳೆಯದು. ಅದು ಇಳಿಯಲಿಲ್ಲ. ಇನ್ನೊಂದು ಗುಂಡಿ ಅಗೆದು ಎರಡನ್ನೂ ಜೋಡಿಸಿದ ಮೇಲೆ 5 ಓಮ್‌ಗಿಂತ ಕೆಳಗೆ ಬಂತು.

ಕಲಬುರಗಿ, ಯಾದಗಿರಿ ಕಡೆಯ ಎರೆ ಭೂಮಿಯವರು ನಮಗೆ ಈ ಕಷ್ಟ ಇಲ್ಲ ಅಂದುಕೊಳ್ಳಬೇಡಿ. ಎರೆ ಮಣ್ಣು ಹಸಿ ಇದ್ದಾಗ ಬಲು ಒಳ್ಳೆಯದು. ಏಪ್ರಿಲ್, ಮೇ ತಿಂಗಳಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದಲ್ಲ, ಆಗ ಪೈಪಿನ ಮೈಯಿಂದಲೂ ಮಣ್ಣು ಬಿಟ್ಟುಕೊಳ್ಳುತ್ತದೆ. ಬೇಸಿಗೆಯಲ್ಲಿ ಆಗಾಗ ಆ ಗುಂಡಿಗೆ ಒಂದು ಕೊಡ ನೀರು ಹಾಕಿ. ತುಳಸಿಗೆ ಹಾಕುವಾಗ ಇದಕ್ಕೂ ಹಾಕಿ.

ಕತೆ ಇನ್ನೂ ಮುಗಿದಿಲ್ಲ. ಅರ್ಥ್ ಆಯಿತು, ಮೇನ್ ಬೋರ್ಡಿಗೆ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಆರಿಸುವ ಸ್ವಿಚ್, ಕೂಡಿಸಿದೆವು. ಹಂಡೆ ಹಚ್ಚಿದೆ. ಟಪ್ ಅಂತ ಆರ್‌ಸಿಸಿಬಿ ಬಿತ್ತು. ಭಾವ ಎತ್ತಲು ಹೋದರು, ಕೈ ಹಿಡಿದು ತಡೆದೆ. ಬಿದ್ದದ್ದನ್ನು ಮತ್ತೆ ಮತ್ತೆ ಎತ್ತಬಾರದು, ಯಾಕೆ ಬಿತ್ತು ಅಂತ ನೋಡಬೇಕು. ಕಾಯಿಲ್ ಬಿಚ್ಚಿದೆ. ಕಾಯಿಲಿನ ಒಳಗೆ ಕಾಯುವ ತಂತಿ, ಹೊರಗೆ ಸ್ಟೀಲ್ ಕೊಳವೆ, ನಡುವೆ ಮೆಗ್ನೀಷಿಯಾ ಅನ್ನುವ ಬಿಳಿ ಪುಡಿ. ಆ ಪುಡಿ ಒಣಗಿದ್ದಷ್ಟು ದಿನ ಕರೆಂಟನ್ನು ಒಳಗೇ ಹಿಡಿದಿಡುತ್ತದೆ. ತುದಿಯ ಸೀಲ್ ಸರಿಯಾಗಿ ಕೂತಿರಲಿಲ್ಲ, ಆವಿ ನುಗ್ಗಿ ಪುಡಿ ನೆಂದಿತ್ತು. ನನ್ನದೇ ಕೈಯಲ್ಲಿ ಕೂಡಿಸಿದ ಕಾಯಿಲ್. ಕಣ್ಣಿಗೆ ಹೊಸದರ ಹಾಗೇ ಕಾಣುತ್ತಿತ್ತು.

ಈ ಆರ್‌ಸಿಸಿಬಿ ಅಂದರೇನು? ಕುರುಬರು ಬೆಳಿಗ್ಗೆ ಹಟ್ಟಿಯಿಂದ ಕುರಿ ಬಿಡುವಾಗ ಎಣಿಸುತ್ತಾರೆ, ಸಂಜೆ ಬಂದಾಗ ಎಣಿಸುತ್ತಾರೆ. ಇದೂ ಅದೇ ಕೆಲಸ ಮಾಡುತ್ತದೆ. ಫೇಸಿನಲ್ಲಿ ಹೋದ ಕರೆಂಟ್ ಎಷ್ಟು, ನ್ಯೂಟ್ರಲಿನಲ್ಲಿ ವಾಪಸ್ ಬಂದದ್ದು ಎಷ್ಟು? 30 ಮಿಲಿ ಆಂಪಿಯರ್ ಕಡಿಮೆ ಬಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಬಾಗಿಲು ಹಾಕಿಬಿಡುತ್ತದೆ. "ಎಂಸಿಬಿ ಅದ ಅಲ್ರೀ" ಅನ್ನುತ್ತೀರಿ. 16 ಆಂಪಿಯರಿನ ಎಂಸಿಬಿ ನಿಮ್ಮ ವೈರು ಸುಡದಂತೆ ಕಾಯುತ್ತದೆ, ನಿಮ್ಮನ್ನಲ್ಲ. 16 ಆಂಪಿಯರ್ ಅಂದರೆ 30 ಮಿಲಿ ಆಂಪಿಯರಿನ 500 ಪಟ್ಟಿಗಿಂತ ಜಾಸ್ತಿ. ಅದು ಬೀಳುವವರೆಗೆ ಕಾಯುತ್ತೀರಾ? ಆರ್‌ಸಿಸಿಬಿ ಇದ್ದು ಅರ್ಥ್ ಇಲ್ಲದಿದ್ದರೆ, ಯಾರಾದರೂ ಮುಟ್ಟಿದ ಮೇಲೆಯೇ ಅದಕ್ಕೆ ಸೋರಿಕೆ ತಿಳಿಯುತ್ತದೆ. ಹಸಿರು ತಂತಿ ನೆಲ ಮುಟ್ಟಿದ್ದರೆ ಯಾರೂ ಮುಟ್ಟುವ ಮೊದಲೇ ಬೀಳುತ್ತದೆ. ಎರಡೂ ಬೇಕು. ಅದರ ಮೇಲೆ ಟೆಸ್ಟ್ ಅಂತ ಒಂದು ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ. ಬೀಳಬೇಕು. ಬೀಳದಿದ್ದರೆ ಬದಲಿಸಿ.

ಇನ್ನು ಹಂಡೆ. ಸಮಯ ಕಡಿಮೆ ಇದೆ, ಬೇಗ ಹೇಳುತ್ತೇನೆ.

ಹಂಡೆಯಲ್ಲಿ ಬರೀ ನೀರು ಇರಲಿ. ಗಂಜಿ ಇನ್ನೊಂದು ಪಾತ್ರೆಯಲ್ಲಿ, ಆ ಪಾತ್ರೆ ಹಂಡೆಯ ನೀರಿನೊಳಗೆ. ಹೀಗೆ ಮಾಡಿದರೆ ಗಂಜಿ ಕಾಯಿಲಿಗೆ ಹತ್ತಿ ಸೀಯುವುದಿಲ್ಲ. 40 ಲೀಟರ್ ನೀರನ್ನು 30 ಡಿಗ್ರಿಯಿಂದ 65ಕ್ಕೆ ಏರಿಸಲು 3000 ವ್ಯಾಟಿನ ಕಾಯಿಲಿಗೆ ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿ ಬೇಕು. ಒಂದೂವರೆಯಿಂದ ಎರಡು ಯೂನಿಟ್ ಕರೆಂಟ್. ಇದು 13 ಆಂಪಿಯರ್ ಎಳೆಯುತ್ತದೆ. ಲೈಟಿನ ಸಣ್ಣ ಪ್ಲಗ್ಗಿಗೆ ಹಚ್ಚಲೇಬೇಡಿ, 16 ಆಂಪಿಯರಿನ ಪ್ಲಗ್ಗೇ ಬೇಕು. ಎಕ್ಸ್‌ಟೆನ್ಷನ್ ಬೋರ್ಡ್ ಬೇಡ.

ಗಂಜಿಯ ವಿಷಯ. ಒಂದು ಕಿಲೋ ಜೋಳದ ಹಿಟ್ಟನ್ನು ನೀರಿನಲ್ಲಿ ಕದಡಿ ಒಲೆಯ ಮೇಲೆ ಗಟ್ಟಿಯಾಗಿ ಬೇಯಿಸಿ. 65ಕ್ಕೆ ಆರಿದ ಮೇಲೆ ಕಾಲು ಕಿಲೋ ಬಾರ್ಲಿ ಮಾಲ್ಟಿನ ಪುಡಿ ಹಾಕಿ ತಿರುವಿ. ನೋಡುತ್ತಾ ಇರಿ. ಸೌಟು ನಿಲ್ಲುವಷ್ಟು ಗಟ್ಟಿ ಇದ್ದ ಗಂಜಿ ಕೆಲವೇ ನಿಮಿಷದಲ್ಲಿ ಮಜ್ಜಿಗೆ ಹಾಗೆ ತೆಳ್ಳಗಾಗುತ್ತದೆ. ನನ್ನ ವಿದ್ಯಾರ್ಥಿಗಳು ಇದನ್ನು ನೋಡಿ ಮತ್ತೊಮ್ಮೆ ಮಾಡಿ ತೋರಿಸಿ ಅಂದಿದ್ದರು. ಮೊಳಕೆಯೊಳಗಿನ ಕಿಣ್ವ ಹಿಟ್ಟನ್ನು ತುಂಡು ತುಂಡು ಮಾಡಿ ಸಕ್ಕರೆ ಮಾಡುತ್ತದೆ. ಪಾತ್ರೆಯನ್ನು ಹಂಡೆಯಲ್ಲಿಟ್ಟು ಒಂದು ಗಂಟೆ 65ರಲ್ಲೇ ಹಿಡಿದಿಡಿ. 80ಕ್ಕೆ ಹೋದರೆ ಕಿಣ್ವ ಸಾಯುತ್ತದೆ, ಸಿಹಿ ಬರುವುದಿಲ್ಲ. ಒಂದು ಹನಿಗೆ ಅಯೋಡಿನ್ ಹಾಕಿ ನೋಡಿ. ಕಡು ನೀಲಿ ಬಂದರೆ ಹಿಟ್ಟು ಇನ್ನೂ ಇದೆ ಅಂತ. ಆದ ಮೇಲೆ ಒಲೆಯ ಮೇಲಿಟ್ಟು ಚೆನ್ನಾಗಿ ಕುದಿಸಿ, ಸೋಸಿ, ಅವತ್ತೇ ಕುಡಿದು ಮುಗಿಸಿ.

ಜೋಳಕ್ಕೇ ಮೊಳಕೆ ಬರಿಸಬಾರದಾ ಅಂತ ಕೇಳುವವರಿದ್ದಾರೆ. ಎಳೆ ಜೋಳದ ಪೈರು ಮೇಯ್ದ ದನ ಸಾಯುವುದನ್ನು ಕಂಡವರು ನೀವು. ಆ ವಿಷ ಜೋಳದ ಮೊಳಕೆಯಲ್ಲೂ ಇರುತ್ತದೆ. ಅದಕ್ಕೇ ನಾನು ಮೊಳಕೆಗೆ ಬಾರ್ಲಿ, ಹಿಟ್ಟಿಗೆ ಜೋಳ ಅನ್ನುವುದು.

ಕಾಯಿಲ್ ನೀರಿನಲ್ಲಿ ಪೂರ್ತಿ ಮುಳುಗದೆ ಸ್ವಿಚ್ ಹಾಕಬೇಡಿ. ನಮ್ಮ ಬೋರಿನ ನೀರು ಗಡಸು, ಕಾಯಿಲ್ ಮೇಲೆ ಬಿಳಿ ಪದರ ಕಟ್ಟುತ್ತದೆ. ಪ್ಲಗ್ ಕಿತ್ತು, ನಿಂಬೆಹುಳಿ ನೀರಿನಲ್ಲಿ ನೆನೆಸಿ ತೆಗೆಯಿರಿ. ಕಂಟ್ರೋಲರನ್ನು 100ಕ್ಕೆ ಇಟ್ಟು ಮರೆಯಬೇಡಿ. ಬೀದರ್ ಸಮುದ್ರಕ್ಕಿಂತ 600 ಮೀಟರಿಗೂ ಎತ್ತರದಲ್ಲಿದೆ, ಅಲ್ಲಿ ನೀರು 98ರ ಹತ್ತಿರವೇ ಕುದಿಯುತ್ತದೆ. 100 ಬರುವುದೇ ಇಲ್ಲ, ಕಾಯಿಲ್ ಆರುವುದೇ ಇಲ್ಲ, ನೀರೆಲ್ಲ ಆವಿಯಾಗಿ ಹಂಡೆ ಒಣಗುತ್ತದೆ. ಕಂಟ್ರೋಲರಿನ ಕೆಳಗೆ ಕರೆಂಟ್ ಹಚ್ಚಿ ಆರಿಸುವ ಎಸ್‌ಎಸ್‌ಆರ್ ಅನ್ನುವ ಸ್ವಿಚ್ ಇರುತ್ತದೆ. ಅದು ಕೆಟ್ಟರೆ ಹೆಚ್ಚಾಗಿ ಹಚ್ಚಿದ ಸ್ಥಿತಿಯಲ್ಲೇ ನಿಂತುಬಿಡುತ್ತದೆ. ಹಾಗಾಗಿ ಹಂಡೆ ಬಿಟ್ಟು ಪೇಟೆಗೆ ಹೋಗಬೇಡಿ. ಸೌಟು ಹಾಕುವ ಮುಂಚೆ ಸ್ವಿಚ್ ಆರಿಸಿ. ಕಾಲಿಗೆ ಚಪ್ಪಲಿ ಇರಲಿ.

ಪಂಪಿನ ಬಗ್ಗೆ, ತಣ್ಣಗೆ ಮಾಡುವ ತಾಮ್ರದ ಸುರುಳಿಯ ಬಗ್ಗೆ ಹೇಳಬೇಕಿತ್ತು, ಸಮಯ ಆಯಿತು. ನಾಳೆ ಬೆಳಿಗ್ಗೆ ನಿಮ್ಮ ಊರಿನ ವೈರ್‌ಮನ್‌ನನ್ನು ಕರೆಸಿ. ಮೇನ್ ಬೋರ್ಡ್ ಬಿಚ್ಚಿಸಿ, ಹಸಿರು ತಂತಿ ಎಲ್ಲಿಗೆ ಹೋಗುತ್ತದೆ ಅಂತ ನಿಮ್ಮ ಕಣ್ಣಾರೆ ನೋಡಿ. ನೀವೇ ಬಿಚ್ಚಬೇಡಿ. ಗುಂಡಿ ಎಲ್ಲಿದೆ ಅಂತ ಅವರಿಗೂ ಗೊತ್ತಾಗದಿದ್ದರೆ ಅಗೆಯುವುದಕ್ಕೆ ಹಾರೆ ತೆಗೆಯಿರಿ. ಹಂಡೆ ಆಮೇಲೆ ಕಟ್ಟೋಣ.

ನಮಸ್ಕಾರ.