31 ಸಾಲು, 30 ಅಲ್ಪವಿರಾಮ

ಕೇಳುಗರಿಗೆ ನಮಸ್ಕಾರ.

ಕರ್ನಾಟಕದ 31 ಜಿಲ್ಲೆಗಳ ಹೆಸರುಗಳನ್ನು, ಉಡುಪಿಯಿಂದ ಹಾಸನದವರೆಗೆ ಅಕಾರಾದಿಯಾಗಿ, ಸಾಲಿಗೊಂದರಂತೆ ಬರೆದಿಟ್ಟ ಪಠ್ಯಕಡತವೊಂದು ನಮ್ಮ ಮುಂದಿದೆ ಎಂದುಕೊಳ್ಳೋಣ. ದತ್ತಸಂಚಯಕ್ಕೆ, ಅಂದರೆ ಡೇಟಾಬೇಸಿಗೆ, ಪ್ರಶ್ನೆ ಹಾಕಬೇಕಾದಾಗ ಇದೇ ಹೆಸರುಗಳು ಅಲ್ಪವಿರಾಮಗಳ ನಡುವೆ ಒಂದೇ ಸಾಲಿನಲ್ಲಿ ಬೇಕಾಗುತ್ತವೆ. ಕೈಯಿಂದ ಜೋಡಿಸಿದರೆ ಎಲ್ಲೋ ಒಂದು ಹೆಸರು ಬಿಟ್ಟುಹೋಗುತ್ತದೆ. ಈ ಕೆಲಸ ಸ್ಕ್ರಿಪ್ಟಿಗೇ, ಅಂದರೆ ಗಣಕಕ್ಕೆ ಬರೆದುಕೊಟ್ಟ ಆಜ್ಞೆಗಳ ಸಾಲಿಗೇ, ಸೇರಿದ್ದು.

ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಬಲ್ಲವರಿಗೆ ಮೊದಲು ನೆನಪಾಗುವುದು ಟಿಆರ್ ಆಜ್ಞೆ. ಅದು ಪ್ರತಿ ಸಾಲಿನ ಕೊನೆಯಲ್ಲಿ ಅಡಗಿರುವ ಹೊಸಸಾಲಿನ ಚಿಹ್ನೆಯನ್ನು, ಅಂದರೆ ಗಣಕ ಅದನ್ನು ಗುರುತಿಸುವ 10 ಎಂಬ ಸಂಕೇತವನ್ನು, ಅಲ್ಪವಿರಾಮವಾಗಿ ಬದಲಿಸುತ್ತದೆ. ಆದರೆ ಹಾಸನದ ಮುಂದೆಯೂ ಹೊಸಸಾಲಿನ ಚಿಹ್ನೆ ಇರುವುದರಿಂದ ಅಲ್ಲಿಯೂ ಒಂದು ಅಲ್ಪವಿರಾಮ ಬಂದು ಕೂರುತ್ತದೆ. ದತ್ತಸಂಚಯ ಆ ಪ್ರಶ್ನೆಯನ್ನು ತಿರಸ್ಕರಿಸುತ್ತದೆ. ಬೇಲಿಗೆ 31 ಕಂಬ ನೆಟ್ಟರೆ ನಡುವಿನ ಅಂತರಗಳು 30 ಮಾತ್ರ. ಈ ಲೆಕ್ಕ ತಿಳಿದಿರುವುದು ಪೇಸ್ಟ್ ಆಜ್ಞೆಗೆ: ಸಾಲುಗಳನ್ನು ಒಂದಾಗಿಸುವ ಎಸ್ ಮತ್ತು ಬೇರ್ಪಡಿಕೆಯನ್ನು ತಿಳಿಸುವ ಡಿ ಆಯ್ಕೆಗಳೊಡನೆ ಅಲ್ಪವಿರಾಮವನ್ನು ಕೊಟ್ಟರೆ, ಅದು ಬೇರ್ಪಡಿಕೆಯನ್ನು ನಡುವೆ ಮಾತ್ರ ಇಟ್ಟು, ಕೊನೆಯಲ್ಲಿ ಹೊಸಸಾಲನ್ನು ಉಳಿಸುತ್ತದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಜಾಯಿನ್ ಕೂಡ ಬೇರ್ಪಡಿಕೆಯನ್ನು ನಡುವೆ ಮಾತ್ರ ಇಡುತ್ತದೆ. ಪಠ್ಯವನ್ನು ತಿದ್ದುವ ಸೆಡ್, ಆಕ್ ಎಂಬ ಆಜ್ಞೆಗಳಲ್ಲಿಯೂ ಇದು ಸಾಧ್ಯ, ಆದರೆ ಬರೆದ ಸಾಲನ್ನು ಆರು ತಿಂಗಳ ಮೇಲೆ ಓದಿ ಅರ್ಥ ಮಾಡಿಕೊಳ್ಳುವುದು ಕಷ್ಟ.

ನನ್ನನ್ನು ಒಮ್ಮೆ ಇಡೀ ಮಧ್ಯಾಹ್ನ ಕಾಡಿದ್ದು ವಿಂಡೋಸಿನಿಂದ ಬಂದ ಕಡತ. ಅಲ್ಲಿ ಸಾಲಿನ ಕೊನೆಗೆ 13 ಮತ್ತು 10 ಎಂಬ ಎರಡು ಸಂಕೇತಗಳಿರುತ್ತವೆ. ಪೇಸ್ಟ್ 10ನ್ನು ಮಾತ್ರ ತೆಗೆಯಿತು; ಉಳಿದ 13, ಹಳೆಯ ಬೆರಳಚ್ಚು ಯಂತ್ರದ ಗಾಡಿ ಹಿಂದಕ್ಕೆ ಸರಿಯುವಂತೆ, ಪರದೆಯ ಮೇಲಿನ ಗುರುತನ್ನು ಮತ್ತೆ ಮತ್ತೆ ಸಾಲಿನ ಆರಂಭಕ್ಕೆ ಒಯ್ದು, ಹೆಸರುಗಳನ್ನು ಒಂದರ ಮೇಲೊಂದು ಬರೆಸಿತು. ಮೊದಲು ಟಿಆರ್‌ನಿಂದ 13ನ್ನು ಅಳಿಸಿ, ಆಮೇಲೆ ಸಾಲುಗಳನ್ನು ಕೂಡಿಸುವುದೇ ಸರಿಯಾದ ಕ್ರಮ.

ಕನ್ನಡ ಅಕ್ಷರಗಳಿಗೆ ಇದರಿಂದ ಧಕ್ಕೆಯಾಗುತ್ತದೆಯೇ? ಅಕ್ಷರಗಳನ್ನು ಸಂಖ್ಯೆಗಳಾಗಿ ಉಳಿಸುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಯೂ 3 ಬೈಟುಗಳದ್ದು, ಅಂದರೆ 0ಯಿಂದ 255ರವರೆಗಿನ 3 ಸಂಖ್ಯೆಗಳದ್ದು, ಮತ್ತು ಆ ಮೂರೂ 127ಕ್ಕಿಂತ ದೊಡ್ಡವು; ಆದ್ದರಿಂದ 10, 13 ಅಥವಾ ಅಲ್ಪವಿರಾಮದ 44ರೊಂದಿಗೆ ಅವು ಎಂದಿಗೂ ಬೆರೆಯುವುದಿಲ್ಲ. ತೊಂದರೆ ಬರುವುದು ಪೂರ್ಣವಿರಾಮದ ದಂಡವನ್ನೇ ಬೇರ್ಪಡಿಕೆಯಾಗಿ ಆರಿಸಿದಾಗ: ಲಿನಕ್ಸಿನಲ್ಲಿ ಸಾಮಾನ್ಯವಾಗಿ ಸಿಗುವ ಟಿಆರ್ ಬೈಟಿನ ಲೆಕ್ಕದಲ್ಲಿ ನಡೆಯುವುದರಿಂದ, ದಂಡದ ಮೊದಲ ಬೈಟನ್ನಷ್ಟೇ ಇಟ್ಟು ಸಾಲನ್ನು ಕೆಡಿಸುತ್ತದೆ.

ಇನ್ನು, ವಿಳಾಸಗಳ ಪಟ್ಟಿಯಾದರೆ ಮಾಹಿತಿಯ ಒಳಗೇ ಅಲ್ಪವಿರಾಮಗಳಿರುತ್ತವೆ. ಅಂಥಲ್ಲಿ ನಾನು ಟ್ಯಾಬನ್ನು ಬಳಸುತ್ತೇನೆ. ಡಿ ಆಯ್ಕೆ ಕೊಡದಿದ್ದರೆ ಪೇಸ್ಟ್ ತಾನಾಗಿಯೇ ಇಡುವುದೂ ಅದನ್ನೇ.